ಐದನೆಯ ಗಾಲಿ

ಮೊನ್ನೆ ಸಿರುಗುಪ್ಪದ ಕಡೆಯಿಂದ ಬಂದ ಬಿಳಿ ಕಾರೊಂದು ದಢೇಸುಗೂರಿನ ಸೇತುವೆ ದಾಟಿ ಸಿಂಧನೂರಿನತ್ತ ನಿಧಾನವಾಗಿ ಹೊರಟಿತ್ತು. ಮೂರು ಗಾಲಿ ದಪ್ಪ, ಒಂದು ಮಾತ್ರ ಸಣಕಲು. ಹಿಂದಿದ್ದ ಭತ್ತದ ಲಾರಿ ಒಂದೇ ಸಮನೆ ಹಾರ್ನ್ ಹೊಡೆಯುತ್ತಿತ್ತು. ಕಾರಿನವ ಎಡಕ್ಕೆ ಸರಿದು ದಾರಿ ಬಿಟ್ಟನೇ ಹೊರತು ವೇಗ ಹೆಚ್ಚಿಸಲಿಲ್ಲ. ಚಹಾದಂಗಡಿ ಮುಂದೆ ನಿಂತವರಲ್ಲಿ ಒಬ್ಬರು, "ಸ್ಕೂಟರ್ ಗಾಲಿ ಹಾಕ್ಯಾನ ನೋಡ್ರಿ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂಥದೇ ಸಣಕಲು ಗಾಲಿಯೊಂದು ನನ್ನ ಕಾರಿನ ಡಿಕ್ಕಿಯಲ್ಲೂ ಮಲಗಿದೆ, ಅದೂ ಸೆಕೆಂಡ್ ಹ್ಯಾಂಡು. ಹೀಗಾಗಿ ಅದರ ಪರವಾಗಿ ನಾಲ್ಕು ಮಾತು ಆಡಬೇಕಾದದ್ದು ನನ್ನ ಧರ್ಮ.

ನಾನು ಕೊಂಡ ಹಳೆಯ ಕಾರಿನಲ್ಲಿ ಸ್ಟೆಪ್ನಿಯೇ ಇರಲಿಲ್ಲ. ಅದರ ಜಾಗದಲ್ಲಿ ಒಂದು ಪುಟ್ಟ ಪಂಪು, ಒಂದು ಅಂಟಿನ ಬಾಟಲಿ. ಇದು ಕಾನೂನಿಗೆ ವಿರುದ್ಧವೇನಲ್ಲ. ಟೈರಿನ ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ, ಪಂಕ್ಚರ್ ಮುಚ್ಚುವ ಕಿಟ್ಟು ಎರಡೂ ಇದ್ದರೆ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂದು 2020ರ ಜುಲೈನಲ್ಲಿ ಕೇಂದ್ರ ಸರಕಾರವೇ ನಿಯಮ ತಿದ್ದಿದೆ. ದಿಲ್ಲಿಯ ರಸ್ತೆಗೆ ಅಂಟು ಸಾಕಾಗಬಹುದು. ನಮ್ಮ ಕಡೆ ಕಾಲುವೆ ದಂಡೆ ತುಂಬ ಬಳ್ಳಾರಿ ಜಾಲಿ. ಅದರ ಮುಳ್ಳು ಚುಚ್ಚಿದ ತೂತನ್ನು ಅಂಟು ಮುಚ್ಚೀತು. ಆದರೆ ಕಲ್ಲಿನ ಚೂಪು ತಗುಲಿ ಟೈರಿನ ಪಕ್ಕೆಯೇ ಸೀಳಿದರೆ ಯಾವ ಬಾಟಲಿಯೂ ಕೆಲಸಕ್ಕೆ ಬಾರದು.

ಸರಿ, ಒಂದು ಗಾಲಿ ಕೊಳ್ಳೋಣವೆಂದರೆ ಡಿಕ್ಕಿಯ ಗುಂಡಿ ಆಳವಿಲ್ಲ. ಪೂರ್ತಿ ಅಳತೆಯ ಗಾಲಿ ಇಟ್ಟರೆ ಮೇಲಿನ ಹಲಗೆ ಮುಚ್ಚುವುದಿಲ್ಲ. ಕಾರಿನ ಟೈರು 185 ಮಿಲಿಮೀಟರ್ ಅಗಲ, ಗುಂಡಿಗೆ ಹಿಡಿಸುವುದು 125ರದ್ದು ಮಾತ್ರ. ಹೊಸದರ ಬೆಲೆ ಕೇಳಿದ ಮೇಲೆ ನೇರ ಬಳ್ಳಾರಿಯ ಗುಜರಿ ದಾರಿ ಹಿಡಿದೆ.

ಗುಜರಿಯಲ್ಲಿ ಸಣಕಲು ಗಾಲಿಗಳದ್ದೇ ಒಂದು ರಾಶಿ. ಅಪಘಾತದಲ್ಲಿ ಜಜ್ಜಿಹೋದ ಕಾರಿನ ಡಿಕ್ಕಿಯಿಂದ ಇವು ನೆಲ ಕಾಣದೆಯೇ ಹೊರಬಂದಿರುತ್ತವೆ. ಟೈರಿನ ಮೇಲೆ ಕಾರ್ಖಾನೆಯಲ್ಲಿ ಹುಟ್ಟಿದ ರಬ್ಬರಿನ ಕೂದಲು ಹಾಗೇ ನಿಂತಿರುತ್ತದೆ. ಆ ಕೂದಲು ನೋಡಿ ಮೋಹಗೊಳ್ಳಬಾರದು. ಓಡದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಪಕ್ಕೆಯ ಮೇಲೆ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಒತ್ತಿರುತ್ತಾರೆ. 3619 ಅಂದರೆ 2019ರ ಮೂವತ್ತಾರನೇ ವಾರ ಹುಟ್ಟಿದ್ದು ಎಂದರ್ಥ. ಹತ್ತು ವರ್ಷ ದಾಟಿದ್ದನ್ನು ಪುಕ್ಕಟೆ ಕೊಟ್ಟರೂ ಒಯ್ಯಬಾರದು. ಹೆಬ್ಬೆರಳಿನಿಂದ ಪಕ್ಕೆ ಒತ್ತಿದಾಗ ಕೂದಲೆಳೆಯಂಥ ಬಿರುಕು ಬಾಯಿ ಬಿಟ್ಟರೆ ಅಲ್ಲಿಗೇ ಕೈ ತೊಳೆದುಕೊಳ್ಳಬೇಕು. ಆಮೇಲೆ ಬೋಲ್ಟಿನ ತೂತು ನಾಲ್ಕೋ ಐದೋ, ಒಂದರಿಂದ ಇನ್ನೊಂದು ಎಷ್ಟು ದೂರ, ನಡುವಿನ ದೊಡ್ಡ ತೂತು ನಮ್ಮ ಕಾರಿನ ಹಬ್ಬಿಗೆ ಕೂಡುತ್ತದೋ ಇಲ್ಲವೋ, ರಿಮ್ಮಿನ ಒಳಮೈ ಬ್ರೇಕಿಗೆ ತಾಗುತ್ತದೋ, ಎಲ್ಲ ನೋಡಬೇಕು. ಅಲಾಯ್ ಗಾಲಿಯ ಬೋಲ್ಟು ಕಬ್ಬಿಣದ ರಿಮ್ಮಿಗೆ ಕೆಲವು ಕಾರುಗಳಲ್ಲಿ ಸರಿಯಾಗಿ ಕೂರುವುದಿಲ್ಲ, ಬೇರೆ ಬೋಲ್ಟೇ ಬೇಕು. ಹೆಣ್ಣು ನೋಡಲು ಹೋದ ಬೀಗರು ಕೂಡ ಇಷ್ಟು ಪ್ರಶ್ನೆ ಕೇಳಲಿಕ್ಕಿಲ್ಲ. ಗುಜರಿಯವ ಕೊನೆಗೆ, "ತೊಗೊಂಡು ಹೋಗ್ರಿ ಸರ, ಕೂಡಲಿಲ್ಲಂದ್ರ ವಾಪಸ್ ತರ್ರಿ" ಅಂದ.

ಬಸ್ಸಿನಲ್ಲಿ ಗಾಲಿಯನ್ನು ಕಾಲ ಬಳಿ ಮಲಗಿಸಿಕೊಂಡು ಬರುವಾಗ ದಢೇಸುಗೂರಿನ ಹೊಳೆ ಬಂತು. ಕೆಳಗೆ ಮೀನು ಹಿಡಿಯುವವರ ಹರಿಗೋಲೊಂದು ತಿರುಗುತ್ತಿತ್ತು. ಅಲ್ಲಿಂದ ನನ್ನ ತಲೆಯೂ ತಿರುಗಲು ಶುರುವಾಯಿತು.

ಮೊದಲ ಕಾಲದ ಕಾರುಗಳಿಗೆ ಬದಲಿ ಗಾಲಿಯೇ ಇರುತ್ತಿರಲಿಲ್ಲ. ಗಾಲಿ ಕಳಚಲೂ ಬರುತ್ತಿರಲಿಲ್ಲ. ಕುದುರೆ ಲಾಳದ ಮೊಳೆ ಚುಚ್ಚಿದರೆ ರಸ್ತೆ ಬದಿ ಕೂತು ಟೈರು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕು. ನಮ್ಮಲ್ಲಿ ಎತ್ತಿನ ಲಾಳದ ಮೊಳೆ ಮಾಡುವ ಕೆಲಸವನ್ನೇ ಅಲ್ಲಿ ಕುದುರೆಯದ್ದು ಮಾಡುತ್ತಿತ್ತು. ಇದಕ್ಕೆ 1904ರಲ್ಲಿ ಉಪಾಯ ಹುಡುಕಿದವರು ವೇಲ್ಸಿನ ಲನೆಲ್ಲಿ ಎಂಬ ಊರಿನ ಡೇವಿಸ್ ಸಹೋದರರು, ಥಾಮಸ್ ಮತ್ತು ವಾಲ್ಟರ್. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಬೀದಿಯಲ್ಲಿ. ಅವರು ಮಾಡಿದ್ದು ಕಡ್ಡಿಗಳಿಲ್ಲದ ಬರೀ ಬಳೆ, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಕ್ಚರಾದ ಗಾಲಿಯನ್ನು ಬಿಚ್ಚುವ ಗೋಜಿಲ್ಲ. ಅದರ ಪಕ್ಕಕ್ಕೇ ಈ ಬಳೆಯನ್ನು ಕ್ಲ್ಯಾಂಪಿನಿಂದ ಬಿಗಿದರೆ ಆಯಿತು, ಮನೆ ಮುಟ್ಟಬಹುದು. ಮನೆ ಮುಟ್ಟಿದ ಮೇಲೆ ಕಳಚಿಡಬೇಕು. ಅಂದರೆ ಜಗತ್ತಿನ ಮೊದಲ ಸ್ಟೆಪ್ನಿಯೇ ತಾತ್ಕಾಲಿಕದ್ದು! ಪೂರ್ತಿ ಅಳತೆಯ ಐದನೇ ಗಾಲಿ ಆಮೇಲೆ ಬಂದ ಐಷಾರಾಮ. ಅರವತ್ತರ ದಶಕದ ಕೊನೆಯಲ್ಲಿ ಅಮೆರಿಕದ ಕಾರುಗಳಿಗೆ ಬಿ.ಎಫ್. ಗುಡ್‌ರಿಚ್ ಕಂಪನಿ ಮುದುಡಿ ಇಡುವ, ಬೇಕಾದಾಗ ಡಬ್ಬಿಯ ಗ್ಯಾಸು ತುಂಬಿ ಉಬ್ಬಿಸುವ ಸ್ಟೆಪ್ನಿ ಕೊಟ್ಟಾಗ ಎಲ್ಲರೂ ಹೊಸದೆಂದರು. ನನ್ನ ಪ್ರಕಾರ ಅದು ಡೇವಿಸರ ಅಂಗಡಿಗೆ ವಾಪಸ್ಸು ಹೋದದ್ದು, ಅಷ್ಟೇ.

ಲನೆಲ್ಲಿ ಇರುವುದು ಕಾರ್ಮಾರ್ಥೆನ್‌ಶೈರ್ ಎಂಬ ಜಿಲ್ಲೆಯಲ್ಲಿ. ಆ ಜಿಲ್ಲೆಯಲ್ಲಿ ಟವಿ ಎಂಬ ಹೊಳೆ. ಆ ಹೊಳೆಯಲ್ಲಿ ಮೀನುಗಾರರು ತಲೆತಲಾಂತರದಿಂದ ಬಳಸುತ್ತ ಬಂದದ್ದು ಸಾಕ್ಷಾತ್ ಹರಿಗೋಲು! ತೆಳ್ಳನೆ ಮರದ ಸೀಳಿನ ಬುಟ್ಟಿ, ಹಿಂದೆ ಅದಕ್ಕೆ ಚರ್ಮದ ಹೊದಿಕೆ, ಈಗ ಟಾರು ಬಳಿದ ಬಟ್ಟೆ. ಕೆಲಸ ಮುಗಿದ ಮೇಲೆ ಬೆನ್ನ ಮೇಲೆ ಹೊತ್ತು ಮನೆಗೆ ನಡೆಯುತ್ತಾರೆ. ಇಲ್ಲಿ ನಮ್ಮ ತುಂಗಭದ್ರೆಯಲ್ಲಿ, ದಢೇಸುಗೂರಿಗಿಂತ ಮೇಲೆ ಆನೆಗೊಂದಿಯ ಹತ್ತಿರ, ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಂಡು ಬರೆದಿಟ್ಟದ್ದೂ ಇದನ್ನೇ: ಚರ್ಮ ಹೊದಿಸಿದ ದುಂಡು ಬುಟ್ಟಿ ದೋಣಿ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಎತ್ತು ಕುದುರೆಗಳೂ ದಾಟುತ್ತವೆ, ಹುಟ್ಟು ಹಾಕಿದಂತೆಲ್ಲ ಗರಗರ ತಿರುಗುತ್ತದೆ. ಹರಿಗೋಲಿನ ನಾಡಿನವರೇ ಸ್ಟೆಪ್ನಿ ಕಂಡುಹಿಡಿದದ್ದು ಕಾಕತಾಳೀಯವೆಂದು ಇತಿಹಾಸಕಾರರು ಹೇಳಬಹುದು. ನಾನು ಒಪ್ಪುವುದಿಲ್ಲ. ದುಂಡಗಿನ, ಹಗುರಾದ, ದಡ ಮುಟ್ಟಿಸಲಿಕ್ಕಷ್ಟೇ ಇರುವ ವಸ್ತು ಎಂಥದೆಂದು ಅವರಿಗೆ ಮೊದಲೇ ಗೊತ್ತಿತ್ತು.

ನಮ್ಮಜ್ಜ ಸೇತುವೆ ಇಲ್ಲದ ಕಾಲದಲ್ಲಿ ಈ ಹೊಳೆ ದಾಟಿದವ. ಹರಿಗೋಲಿನಲ್ಲಿ ಕೂತವರು ಎದ್ದು ನಿಂತರೆ, ಜಿಗಿದಾಡಿದರೆ ಅಂಬಿಗ ಬೈಯುತ್ತಿದ್ದನಂತೆ: "ಇದು ಜಾತ್ರಿ ತೇರಲ್ಲ, ದಡ ಮುಟ್ಟೂತನ ಸುಮ್ಮ ಕುಂದ್ರು." ಸಣಕಲು ಗಾಲಿಯ ರಿಮ್ಮಿಗೆ ಅಂಟಿಸಿದ ಹಳದಿ ಚೀಟಿ ಹೇಳುವುದೂ ಅದನ್ನೇ: ಗಂಟೆಗೆ ಎಂಬತ್ತು ಕಿಲೋಮೀಟರ್ ಮೀರಬೇಡ. ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರು ಹಾಯ್ದು ಬಳ್ಳಾರಿಗೆ ಹೋಗುವ 150ಎ ಹೆದ್ದಾರಿಯಲ್ಲಿ ಆ ಚೀಟಿಗೆ ಬೆಲೆ ಕೊಡುವುದು ಸುಲಭವಲ್ಲ, ಹಿಂದಿನವರ ಹಾರ್ನು ಬಿಡುವುದಿಲ್ಲ. ಆದರೆ ಅಗಲ ಕಡಿಮೆಯಾದ ಟೈರಿನ ಹಿಡಿತವೂ ಕಡಿಮೆ, ಬ್ರೇಕ್ ಹಾಕಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕು. ಎಂಜಿನ್ ತಿರುಗಿಸುವುದು ಮುಂದಿನ ಗಾಲಿಗಳನ್ನಾದರೆ ಇದನ್ನು ಮುಂದೆ ಹಾಕಲೂ ಬಾರದು. ಮುಂದಿನದು ಪಂಕ್ಚರಾದರೆ ಹಿಂದಿನ ಒಳ್ಳೆಯ ಗಾಲಿಯನ್ನು ಮುಂದಕ್ಕೆ ತಂದು, ಸಣ್ಣದನ್ನು ಹಿಂದಕ್ಕೆ ಕಟ್ಟಬೇಕು. ಬಿಸಿಲಲ್ಲಿ ಎರಡು ಸಲ ಜಾಕು ಏರಿಸುವ ಕೆಲಸ, ಆದರೂ ಮಾಡಬೇಕು.

ಅದಕ್ಕಿಂತ ದೊಡ್ಡ ಕೆಲಸ ಗಾಳಿಯದು. ಸಿಂಧನೂರಿನ ಪಂಕ್ಚರ್ ಅಂಗಡಿಯಲ್ಲಿ ಗಾಲಿ ಇಳಿಸಿದೆ. ಹುಡುಗ ಪೈಪು ಹಿಡಿದು, "ಎಷ್ಟು ಹಾಕ್ಲಿರಿ ಸರ?" ಅಂದ.

"ಅರವತ್ತು."

"ಅರವತ್ತಾ? ಕಾರಿಗೆ ಮೂವತ್ತೆರಡು ಹಾಕ್ತಾರ್ರಿ. ಇಷ್ಟೀಟ ಗಾಲಿಗೆ ಅರವತ್ತು ಹಾಕಿದ್ರ ಸಿಡೀತದ."

ಪಕ್ಕೆಯ ಮೇಲೆ ಒತ್ತಿದ ಅಕ್ಷರ ತೋರಿಸಿದೆ. ಅವನು ಬೆರಳಿಗೆ ಉಗುಳು ಹಚ್ಚಿ ಧೂಳು ಒರೆಸಿ ಓದಿದ. ನಂಬಿಕೆ ಬರಲಿಲ್ಲ. ಗಾಲಿಯನ್ನು ಗೋಡೆಗೆ ಆನಿಸಿ, ತಾನು ಕಂಬದ ಮರೆಗೆ ನಿಂತು, ಕೈ ಮಾತ್ರ ಚಾಚಿ ಗಾಳಿ ಹಾಕಿದ. ಮುಳ್ಳು ಅರವತ್ತು ಮುಟ್ಟಿತು, ಏನೂ ಆಗಲಿಲ್ಲ. ಬಡಿದು ನೋಡಿದರೆ ಹಲಗೆಯಂತೆ ಟಣ್ ಅಂದಿತು. "ಸಣ್ಣದಿದ್ರೂ ಗಟ್ಟಿ ಅದ ಬಿಡ್ರಿ" ಅಂದ. ಅವನ ತೀರ್ಪಿಗೆ ನಾನು ಸೇರಿಸುವುದೇನಿಲ್ಲ. ಅಗಲ ಕಡಿಮೆ, ಒಳಗಿನ ಜಾಗವೂ ಕಡಿಮೆ. ಅಷ್ಟರಲ್ಲೇ ಕಾರಿನ ಭಾರ ಹೊರಬೇಕೆಂದರೆ ಒತ್ತಡ ಇಮ್ಮಡಿ ಇರಲೇಬೇಕು.

ಟೈರು ಹೊಸದಿರಲಿ ಹಳೆಯದಿರಲಿ, ಗಾಳಿ ಸದ್ದಿಲ್ಲದೆ ಸೋರುತ್ತಲೇ ಇರುತ್ತದೆ. ಓಡುವ ನಾಲ್ಕು ಗಾಲಿಗಳ ಯೋಗಕ್ಷೇಮ ನಾವು ವಿಚಾರಿಸುತ್ತೇವೆ, ಡಿಕ್ಕಿಯ ಕತ್ತಲಲ್ಲಿರುವುದನ್ನು ಮರೆಯುತ್ತೇವೆ. ನಡುರಾತ್ರಿ ಜಾಲಿ ಮುಳ್ಳಿಗೆ ಸಿಕ್ಕಾಗ ಅದನ್ನು ಎತ್ತಿದರೆ ಅದೂ ಸಪ್ಪಗೆ ಕೂತಿರುತ್ತದೆ. ಆದ್ದರಿಂದ ಒಂದೇ ವಿನಂತಿ. ಮುಂದಿನ ಸಲ ಗಾಳಿ ಹಾಕಿಸುವಾಗ ಡಿಕ್ಕಿಯನ್ನೂ ತೆರೆಯಿರಿ, ಜಾಕು, ಪಾನಾ ಇವೆಯೇ ನೋಡಿಕೊಳ್ಳಿ, ಐದನೆಯದಕ್ಕೂ ಗಾಳಿ ಹಾಕಿಸಿ. ಅದು ಸಣಕಲಾಗಿದ್ದರೆ ಪಕ್ಕೆಯ ಮೇಲೆ ಬರೆದಷ್ಟೇ ಹಾಕಿಸಿ, ಹುಡುಗ ಹೆದರಿದರೂ ಸರಿ.