ಕರೆಯುವವರು ಬಟ್ಟೆಯ ಮಾತನ್ನೂ ಬರೆಯಲಿ

ಕಾನೂನು ಓದುವ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಹೆಚ್ಚಾಗಿ ಪುಸ್ತಕದಲ್ಲೇ ಉತ್ತರ ಸಿಗುತ್ತದೆ. ಕರಾರು ಯಾವಾಗ ಊರ್ಜಿತ, ಜಾಮೀನು ಯಾವಾಗ ಹಕ್ಕು, ದಾವೆ ಹೂಡಲು ಕಾಲಮಿತಿ ಎಷ್ಟು ಎಂದರೆ ಸೆಕ್ಷನ್ ತೆಗೆದು ತೋರಿಸಿದರೆ ಮುಗಿಯಿತು. ಬೆಂಗಳೂರಿನ ಯಾವುದಾದರೂ ಲಾ ಫರ್ಮ್ ವಿದ್ಯಾರ್ಥಿಗಳನ್ನು ಸಂಜೆಯ ಕೂಟಕ್ಕೆ ಕರೆದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ಕೇಳಿಬರುವ ಪ್ರಶ್ನೆಗೆ ಮಾತ್ರ ಯಾವ ಸೆಕ್ಷನ್ನೂ ಇಲ್ಲ: “ಮೇಡಂ, ಅಲ್ಲಿಗೆ ಏನು ಹಾಕ್ಕೊಂಡು ಹೋಗ್ಬೇಕು?”

ಇದನ್ನು ಸಣ್ಣ ಪ್ರಶ್ನೆ ಎಂದು ನಾನು ತಳ್ಳಿಹಾಕುವುದಿಲ್ಲ. ಅದನ್ನು ಕೇಳುವವರು ಯಾರು, ಕೇಳದವರು ಯಾರು ಎಂದು ನೋಡುತ್ತ ಬಂದವಳಿಗೆ ಅದರ ತೂಕ ಗೊತ್ತು. ಅಪ್ಪನೋ ದೊಡ್ಡಪ್ಪನೋ ವಕೀಲರಾಗಿರುವ ಮನೆಯ ಮಕ್ಕಳು ಕೇಳುವುದಿಲ್ಲ. ಅವರ ಮನೆಯ ಬೀರುವಿನಲ್ಲೇ ಉತ್ತರ ತೂಗುಹಾಕಿರುತ್ತದೆ. ಕೇಳುವವರು ತಮ್ಮ ವಂಶದಲ್ಲೇ ಮೊದಲು ಕರಿ ಕೋಟು ಹಾಕಲಿರುವವರು. ಅವರಿಗೆ ಬಟ್ಟೆಯ ಚಿಂತೆ ಶುರುವಾದರೆ ಉಳಿದದ್ದೆಲ್ಲ ಹಿಂದೆ ಸರಿಯುತ್ತದೆ. ಯಾರನ್ನು ಮಾತಾಡಿಸಬೇಕು, ಇಂಟರ್ನ್‌ಶಿಪ್ ಬಗ್ಗೆ ಏನು ಕೇಳಬೇಕು ಎಂದು ಯೋಚಿಸಬೇಕಾದ ಹೊತ್ತಿನಲ್ಲಿ ಅವರು ಹಾಸ್ಟೆಲಿನ ರೂಮಿನಿಂದ ರೂಮಿಗೆ ಬ್ಲೇಜರ್ ಹುಡುಕುತ್ತ ಅಲೆಯುತ್ತಾರೆ.

ಕೂಟದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಫರ್ಮಿನ ಕಚೇರಿಯಲ್ಲೋ ಹೋಟೆಲಿನ ಹಾಲ್‌ನಲ್ಲೋ ನಡೆಯುತ್ತದೆ. ಪಾರ್ಟ್‌ನರ್‌ಗಳು, ಅಸೋಸಿಯೇಟ್‌ಗಳು, ಎಚ್‌ಆರ್‌ನವರು ಇರುತ್ತಾರೆ. ಕುರ್ಚಿಗಳು ಕಡಿಮೆ, ಎಲ್ಲರೂ ನಿಂತೇ ಮಾತಾಡುತ್ತಾರೆ. ಅದು ಸಂದರ್ಶನವಲ್ಲ ಎಂದು ಹೇಳುತ್ತಾರೆ, ಆದರೂ ಆ ಸಂಜೆಯಲ್ಲಿ ನೆನಪಿನಲ್ಲಿ ಉಳಿದವರಿಗೆ ಮುಂದಿನ ಬಾಗಿಲು ಸ್ವಲ್ಪ ಸಲೀಸಾಗಿ ತೆರೆಯುತ್ತದೆ. ಕರೆಯೋಲೆಯಲ್ಲಿ ‘ಬಿಸಿನೆಸ್ ಕ್ಯಾಶುವಲ್’ ಎಂದು ಒಂದು ಸಾಲು ಇದ್ದರೆ ಇತ್ತು, ಇಲ್ಲದಿದ್ದರೆ ಅದೂ ಇಲ್ಲ.

ಕೊಪ್ಪಳದ ಕಡೆಯ ಹುಡುಗನೊಬ್ಬ ನನ್ನನ್ನು ಕೇಳಿದ್ದ: “ಮೇಡಂ, ಮೂಟ್ ಕೋರ್ಟಿಗೆ ಹಾಕ್ಕೊಳ್ಳೋ ಬಿಳಿ ಅಂಗಿ, ಕರಿ ಕೋಟು ಐತ್ರಿ. ಅದ ನಡೀತದೇನ್ರಿ?” ಚೆನ್ನಾಗಿ ನಡೆಯುತ್ತದಪ್ಪಾ ಎಂದೆ. ಬಿಳಿ ಬ್ಯಾಂಡ್ ಮಾತ್ರ ಮನೆಯಲ್ಲೇ ಬಿಟ್ಟು ಹೋಗು ಎಂದೆ. ಅದಕ್ಕೆ ಕಾರಣವೂ ಇದೆ. ಬ್ಯಾಂಡ್ ಆಗಲಿ ಗೌನ್ ಆಗಲಿ, ಗೊತ್ತುಪಡಿಸಿದ ಸಮಾರಂಭಗಳ ಹೊರತು ಕೋರ್ಟಿನಾಚೆ ಸಾರ್ವಜನಿಕ ಜಾಗದಲ್ಲಿ ತೊಡಬಾರದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ವಕೀಲರಿಗೆ ಇರುವ ನಿಯಮವನ್ನು ವಿದ್ಯಾರ್ಥಿಯೂ ಗೌರವಿಸಿದರೆ ಚೆಂದ.

ಕೋರ್ಟಿನ ಉಡುಪಿನ ವಿಷಯದಲ್ಲಿ ನನಗೆ ಮೆಚ್ಚುಗೆಯಾಗುವುದು ಇದೇ. ಅದು ಬರವಣಿಗೆಯಲ್ಲಿದೆ. 1961ರ ವಕೀಲರ ಕಾಯ್ದೆಯ ಅಡಿಯಲ್ಲಿ ಪರಿಷತ್ತು ಮಾಡಿರುವ ನಿಯಮಗಳನ್ನು ಓದಿ ನೋಡಿ. ಗಂಡಸರಿಗೆ ಕರಿ ಕೋಟು, ಬಿಳಿ ಅಂಗಿ, ಬ್ಯಾಂಡ್. ಇಲ್ಲವೇ ಗುಂಡಿ ಹಾಕಿದ ಕರಿ ಕೋಟು, ಅಚ್ಕನ್, ಶೇರ್ವಾನಿ. ಕೆಳಗೆ ಪ್ಯಾಂಟೂ ಆದೀತು, ಪಂಚೆಯೂ ಆದೀತು, ಜೀನ್ಸ್ ಮಾತ್ರ ಆಗದು. ಹೆಂಗಸರಿಗೆ ಸೀರೆ, ಉದ್ದ ಲಂಗ, ಚೂಡಿದಾರ, ಸಲ್ವಾರ್ ಎಲ್ಲಕ್ಕೂ ಅವಕಾಶವಿದೆ. ಬೇಸಿಗೆಯಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್ ಬಿಟ್ಟರೆ ಉಳಿದೆಡೆ ಕರಿ ಕೋಟು ಕಡ್ಡಾಯವಲ್ಲ. 2020ರ ಮೇ ತಿಂಗಳಲ್ಲಿ, ಕೊರೊನಾ ಹಬ್ಬುತ್ತಿದ್ದಾಗ, ವಿಡಿಯೊ ಮೂಲಕ ವಾದ ಮಾಡುವ ವಕೀಲರು ಕೋಟು, ಗೌನು ಇಲ್ಲದೆ ಬಿಳಿ ಉಡುಪು, ಬಿಳಿ ಬ್ಯಾಂಡ್‌ನಲ್ಲಿ ಬರಬಹುದೆಂದು ಸುಪ್ರೀಂ ಕೋರ್ಟ್ ಸುತ್ತೋಲೆಯನ್ನೇ ಹೊರಡಿಸಿತು. ನಿಯಮ ಬದಲಾದರೂ ಬರೆದೇ ಬದಲಾಯಿತು. ಹಳ್ಳಿಯಿಂದ ಬಂದ ಹೊಸ ವಕೀಲನೂ ಮೂರು ತಲೆಮಾರಿನ ವಕೀಲರ ಮನೆಯ ಮಗನೂ ಅದೇ ಹಾಳೆಯನ್ನು ಓದಿ ಅದೇ ಬಟ್ಟೆ ತೊಟ್ಟು ಒಂದೇ ಸಾಲಿನಲ್ಲಿ ನಿಲ್ಲಬಹುದು.

ಫರ್ಮಿನ ಕೂಟದಲ್ಲಿ ಹಾಗಲ್ಲ. ಅಲ್ಲೂ ನಿಯಮವಿದೆ, ಆದರೆ ಬರೆದಿಲ್ಲ. ನನ್ನ ಪಾಠದ ಕೋಣೆಯಲ್ಲಿ ನಾನು ತಪ್ಪದೆ ಹೇಳುವ ತೀರ್ಪೊಂದಿದೆ: 1951ರ ಹರ್ಲಾ ವಿರುದ್ಧ ರಾಜಸ್ಥಾನ ಸರ್ಕಾರ. ಜೈಪುರ ಸಂಸ್ಥಾನದ ಮಂತ್ರಿಮಂಡಲ 1923ರಲ್ಲಿ ಅಫೀಮು ಕಾಯ್ದೆಯೊಂದನ್ನು ಠರಾವು ಮಾಡಿ ಇಟ್ಟುಕೊಂಡಿತ್ತು, ಜನರಿಗೆ ಪ್ರಕಟಿಸಲೇ ಇಲ್ಲ. ಅದರ ಅಡಿಯಲ್ಲಿ ಹರ್ಲಾ ಎಂಬಾತನಿಗೆ 50 ರೂಪಾಯಿ ದಂಡ ಬಿತ್ತು. ಜನರಿಗೆ ತಿಳಿಯುವಂತೆ ಸಾರದ ಕಾನೂನು ಕಾನೂನೇ ಅಲ್ಲ, ಗುಟ್ಟಾಗಿ ಮಾಡಿದ ನಿಯಮಕ್ಕೆ ಜನರನ್ನು ಹೊಣೆ ಮಾಡುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿತು, ಶಿಕ್ಷೆ ರದ್ದಾಯಿತು. ಕೂಟದ ಬಟ್ಟೆಗೆ ಯಾರೂ ದಂಡ ಹಾಕುವುದಿಲ್ಲ, ನಿಜ. ಆದರೆ ಮೇಲಿನಿಂದ ಕೆಳಗೆ ಹರಿಯುವ ಒಂದು ನೋಟ ಸಾಕು, ಇಪ್ಪತ್ತರ ಹುಡುಗಿಯೊಬ್ಬಳು ಮೂಲೆ ಸೇರಿ ಇಡೀ ಸಂಜೆ ಬಾಯಿ ಬಿಡದಿರಲು. ಕಾನೂನೇ ಕಸುಬಾದವರ ಕೂಟದಲ್ಲಿ ಹೀಗಾಗುವುದು ನನಗೆ ಸಂಕಟ ತರುತ್ತದೆ.

ವಕೀಲಿ ವೃತ್ತಿಗೂ ಊಟದ ಕೂಟಕ್ಕೂ ನಂಟು ಹಳೆಯದು. ಲಂಡನ್ನಿನ ಇನ್ನರ್ ಟೆಂಪಲ್‌ಗೆ 1888ರಲ್ಲಿ ಸೇರಿದ ಗಾಂಧೀಜಿ ಆತ್ಮಕಥೆಯಲ್ಲಿ ಅದನ್ನು ವಿವರವಾಗಿ ಬರೆದಿದ್ದಾರೆ. ಬ್ಯಾರಿಸ್ಟರ್ ಆಗಲು ಪರೀಕ್ಷೆ ಪಾಸಾದರೆ ಸಾಲದು, ಹನ್ನೆರಡು ಟರ್ಮ್ ಊಟಕ್ಕೂ ಹಾಜರಾಗಬೇಕಿತ್ತು. ಟರ್ಮಿಗೆ ಸುಮಾರು 24 ಊಟ, ಅದರಲ್ಲಿ ಕನಿಷ್ಠ 6ಕ್ಕೆ ಹೋಗಬೇಕು. ಒಂದು ಕಾಲದಲ್ಲಿ ಹಿರಿಯರೂ ವಿದ್ಯಾರ್ಥಿಗಳೂ ಬೆರೆತು ಮಾತಾಡಿ, ನಡೆನುಡಿ ತಿದ್ದಿಕೊಳ್ಳಲಿ ಎಂದು ಮಾಡಿದ ಏರ್ಪಾಟು. ಗಾಂಧೀಜಿಯ ಕಾಲಕ್ಕೆ ಹಿರಿಯರ ಮೇಜೇ ಬೇರೆಯಾಗಿತ್ತು, ಅರ್ಥ ಕಳೆದುಕೊಂಡ ಪದ್ಧತಿ ಮಾತ್ರ ಉಳಿದಿತ್ತು. ನಾಲ್ಕು ಜನರ ಗುಂಪಿಗೆ ಎರಡು ಬಾಟಲಿ ವೈನ್ ಕೊಡುತ್ತಿದ್ದುದರಿಂದ, ಕುಡಿಯದ ಗಾಂಧಿ ತಮ್ಮ ಗುಂಪಿಗೆ ಬರಲಿ ಎಂದು ಉಳಿದವರು ಬಯಸುತ್ತಿದ್ದರಂತೆ. ಕೂಟದಲ್ಲಿ ವೈನ್ ಗ್ಲಾಸು ಹಿಡಿಯಲೇಬೇಕೇ ಎಂದು ಅಂಜುವ ಮಕ್ಕಳಿಗೆ ಈ ಪ್ರಸಂಗ ಹೇಳುತ್ತೇನೆ. ಬೇಡವಾದದ್ದನ್ನು ಬೇಡ ಎಂದದ್ದರಿಂದ ಅವರು ಒಂಟಿಯಾಗಲಿಲ್ಲ.

ಬಟ್ಟೆಯ ವಿಷಯದಲ್ಲೂ ಗಾಂಧೀಜಿ ಎಲ್ಲ ಮಜಲುಗಳನ್ನೂ ದಾಟಿದರು. ಲಂಡನ್ನಿನಲ್ಲಿ 19 ಶಿಲಿಂಗ್ ಕೊಟ್ಟು ಎತ್ತರದ ಹ್ಯಾಟು ಕೊಂಡರು, ಬಾಂಡ್ ಸ್ಟ್ರೀಟಿನಲ್ಲಿ 10 ಪೌಂಡ್ ಖರ್ಚು ಮಾಡಿ ಸಂಜೆಯ ಸೂಟು ಹೊಲಿಸಿದರು, ಕನ್ನಡಿಯ ಮುಂದೆ ನಿಂತು ಟೈ ಕಟ್ಟಲು ಕಲಿತರು. 1893ರಲ್ಲಿ ಡರ್ಬಾನಿನ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟ್ ಪೇಟ ತೆಗೆ ಎಂದಾಗ ಒಪ್ಪದೆ ಎದ್ದು ಹೊರನಡೆದರು. ಮರುವರ್ಷ ನಟಾಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ಪ್ರಮಾಣ ಸ್ವೀಕರಿಸಿದ ಮೇಲೆ, ಮುಖ್ಯ ನ್ಯಾಯಾಧೀಶರು ಕೋರ್ಟಿನ ಪದ್ಧತಿಯನ್ನು ಎತ್ತಿದಾಗ ಅದೇ ಪೇಟವನ್ನು ತೆಗೆದಿಟ್ಟರು. ಸ್ನೇಹಿತರಿಗೆ ಅದು ಹಿಡಿಸಲಿಲ್ಲ. ಇನ್ನೂ ದೊಡ್ಡ ಹೋರಾಟಗಳಿಗೆ ಶಕ್ತಿಯನ್ನು ಉಳಿಸಿಕೊಳ್ಳಬೇಕು ಎಂಬುದು ಗಾಂಧೀಜಿಯ ನಿಲುವಾಗಿತ್ತು. ಎಲ್ಲಿ ಬಗ್ಗಬೇಕು, ಎಲ್ಲಿ ಬಗ್ಗಬಾರದು ಎಂಬುದನ್ನು ಅವರೇ ತೀರ್ಮಾನಿಸಿದರು. ನನ್ನ ವಿದ್ಯಾರ್ಥಿಗಳಿಗೂ ಆ ಹಕ್ಕು ಇರಬೇಕು. ಹಣೆಯ ವಿಭೂತಿ, ಕುಂಕುಮ, ಸಿಖ್ಖರ ಪಗಡಿ, ಮುಸ್ಲಿಂ ಹುಡುಗಿಯ ತಲೆವಸ್ತ್ರ, ಇವುಗಳಲ್ಲಿ ಯಾವುದನ್ನೂ ಅಳಿಸಿ, ಬಿಚ್ಚಿ ಹೋಗು ಎಂದು ನಾನು ಯಾರಿಗೂ ಹೇಳುವುದಿಲ್ಲ.

ಸೂಟು ನಮ್ಮದಲ್ಲ, ಬ್ರಿಟಿಷರು ಬಿಟ್ಟುಹೋದದ್ದು, ಅದೇಕೆ ಎಂದು ವಾದಿಸುವವರೂ ಇದ್ದಾರೆ. ಅವರಿಗೆ ನಮ್ಮ ಊರೂರಿನ ಸರ್ಕಲ್‌ಗಳಲ್ಲಿರುವ ಅಂಬೇಡ್ಕರ್ ಪ್ರತಿಮೆಗಳನ್ನು ತೋರಿಸುತ್ತೇನೆ. ನೀಲಿ ಸೂಟು, ಟೈ, ಕೈಯಲ್ಲಿ ಸಂವಿಧಾನ. ಗ್ರೇಸ್ ಇನ್‌ನಲ್ಲಿ ಓದಿ ಬ್ಯಾರಿಸ್ಟರ್ ಆದ ಅವರು ಹಾಗೆ ಉಟ್ಟು ನಿಂತದ್ದು, ಒಳ್ಳೆಯ ಬಟ್ಟೆ ತೊಡುವುದೇ ಅಪರಾಧ ಎಂಬಂತೆ ಕಂಡ ಸಮಾಜದ ಎದುರಿಗೆ. ಹಳ್ಳಿಯ ದಲಿತ ಕೇರಿಯಿಂದ ಬಂದ ಹುಡುಗ ಚೆನ್ನಾಗಿ ಹೊಲಿಸಿದ ಕೋಟು ಹಾಕಲು ಬಯಸಿದರೆ ಅದು ಶೋಕಿಯಲ್ಲ. ಅದು ಅವನ ಪಾಲಿಗೆ ಬಂದಿರುವ ಗೌರವ.

ಇನ್ನು ಏನು ತೊಡಬೇಕು ಎಂಬುದಕ್ಕೆ ಬರುತ್ತೇನೆ. ಹುಡುಗರಿಗೆ ಬಿಳಿ ಅಥವಾ ತಿಳಿನೀಲಿಯ ತುಂಬುತೋಳಿನ ಅಂಗಿ, ಗಾಢ ನೀಲಿ ಇಲ್ಲವೇ ಬೂದು ಪ್ಯಾಂಟು, ಲೆದರ್ ಶೂ, ಅದೇ ಬಣ್ಣದ ಬೆಲ್ಟು, ಪ್ಯಾಂಟಿನ ಬಣ್ಣಕ್ಕೆ ಹತ್ತಿರದ ಸಾಕ್ಸು. ಇಷ್ಟಿದ್ದರೆ ಬ್ಲೇಜರ್ ಇಲ್ಲದಿದ್ದರೂ ಚಿಂತೆಯಿಲ್ಲ. ಟೈ ಇದ್ದರೆ ಜೇಬಿನಲ್ಲಿರಲಿ, ಅಲ್ಲಿ ಹೋಗಿ ನೋಡಿ ಬೇಕೆನಿಸಿದರೆ ಕಟ್ಟಿಕೊಳ್ಳಬಹುದು. ಬ್ಲೇಜರ್ ಕೊಳ್ಳುವುದೇ ಆದರೆ ಭುಜ ಸರಿಯಾಗಿ ಕೂರುತ್ತದೆಯೇ ಎಂದು ಮೊದಲು ನೋಡಿ. ತೋಳಿನ ಉದ್ದ, ಸೊಂಟದ ಅಗಲವನ್ನು ಬೀದಿಯ ಟೈಲರ್ ಕೂಡ ಆಲ್ಟರ್ ಮಾಡಿಕೊಡುತ್ತಾನೆ, ಭುಜ ಮಾತ್ರ ಸುಲಭಕ್ಕೆ ಸರಿಹೋಗುವುದಿಲ್ಲ. ಹೊಸ ಕೋಟಿನ ಹಿಂಬದಿಯ ಸೀಳಿಗೆ ಅಡ್ಡಲಾಗಿ ಹಾಕಿರುವ ದಾರವನ್ನು ಕತ್ತರಿಸಿ. ತೋಳಿನ ಮೇಲೆ ಹೊಲಿದ ಕಂಪನಿಯ ಪಟ್ಟಿಯನ್ನೂ ಬಿಚ್ಚಿ. ಅವೆರಡೂ ಅಂಗಡಿಗೆ ಸೇರಿದವು, ತೊಡುವವರಿಗಲ್ಲ. ಕೋಟಿನ ಕೊನೆಯ ಗುಂಡಿ ಹಾಕುವುದಿಲ್ಲ. ಕೂರುವಾಗ ಎಲ್ಲ ಗುಂಡಿಯನ್ನೂ ಬಿಚ್ಚುತ್ತಾರೆ. ಇವೆಲ್ಲ ಯಾರೋ ಹೇಳಿಕೊಟ್ಟರೆ ಮಾತ್ರ ತಿಳಿಯುವ ಸಂಗತಿಗಳು, ಆದ್ದರಿಂದಲೇ ತರಗತಿಯಲ್ಲಿ ಎಲ್ಲರೆದುರು ಹೇಳುತ್ತೇನೆ.

ಹುಡುಗಿಯರ ಕಷ್ಟ ಇನ್ನೊಂದು ಬಗೆಯದು. ಅವರ ಬಟ್ಟೆಯ ಮೇಲೆ ತೀರ್ಪು ಕೊಡುವವರು ಮನೆಯಲ್ಲೂ ಇದ್ದಾರೆ, ಹೊರಗೂ ಇದ್ದಾರೆ. ಹೆಂಗಸರಿಗೆ ವಕೀಲಿ ಮಾಡುವ ಹಕ್ಕು ಸುಮ್ಮನೆ ಬಂದದ್ದಲ್ಲ. 1916ರಲ್ಲಿ ಕಲ್ಕತ್ತಾ ಹೈಕೋರ್ಟ್ ರೆಜಿನಾ ಗುಹಾ ಅವರ ಅರ್ಜಿಯನ್ನು, 1921ರಲ್ಲಿ ಪಟ್ನಾ ಹೈಕೋರ್ಟ್ ಸುಧಾಂಶುಬಾಲಾ ಹಾಜ್ರಾ ಅವರ ಅರ್ಜಿಯನ್ನು, ಹೆಣ್ಣೆಂಬ ಕಾರಣಕ್ಕೇ ತಳ್ಳಿಹಾಕಿದವು. 1923ರಲ್ಲಿ ಕಾಯ್ದೆ ಬಂದ ಮೇಲೆ ಆ ಅಡ್ಡಿ ತೊಲಗಿತು. ಅಷ್ಟು ಹೋರಾಡಿ ಒಳಗೆ ಬಂದ ಮೇಲೆ ಸೀರೆಯೋ ಪ್ಯಾಂಟೋ ಎಂಬ ಕಾರಣಕ್ಕೆ ಯಾರೂ ಕುಗ್ಗಬೇಕಿಲ್ಲ. ಸೀರೆ ಉಟ್ಟು ಅಭ್ಯಾಸವಿದ್ದರೆ ಸೀರೆಯೇ ಸರಿ. ಸರಳವಾದ ಇಳಕಲ್ ಸೀರೆ, ಸಣ್ಣ ಅಂಚಿನ ಕೈಮಗ್ಗದ ಹತ್ತಿ ಸೀರೆ ಯಾವ ಹಾಲ್‌ನಲ್ಲೂ ತಲೆಯೆತ್ತಿ ನಿಲ್ಲುತ್ತವೆ. ಅಭ್ಯಾಸವಿಲ್ಲದಿದ್ದರೆ ಆ ಸಂಜೆಯೇ ಮೊದಲ ಸಲ ಉಡುವುದು ಬೇಡ. ಗಮನವೆಲ್ಲ ನೆರಿಗೆಯ ಮೇಲೇ ಹೋಗುತ್ತದೆ. ಚೂಡಿದಾರವಾದರೆ ದುಪಟ್ಟಾಕ್ಕೆ ಪಿನ್ ಹಾಕಿ. ಎರಡು ಗಂಟೆ ನಿಲ್ಲಬೇಕು, ಆದ್ದರಿಂದ ಹಿಮ್ಮಡಿ ಎತ್ತರದ ಚಪ್ಪಲಿ ಬೇಡ. ಉದ್ದ ಪಟ್ಟಿಯ ಚೀಲ ಎಡ ಹೆಗಲಿಗಿರಲಿ, ಬಲಗೈ ಬಿಡುವಾಗಿರುತ್ತದೆ. ಹೆಸರಿನ ಬ್ಯಾಡ್ಜನ್ನು ಹುಡುಗರೂ ಹುಡುಗಿಯರೂ ಎದೆಯ ಬಲಬದಿಗೆ ಹಾಕಿದರೆ, ಕೈಕುಲುಕುವವರ ಕಣ್ಣು ತಾನಾಗಿ ಹೆಸರಿನ ಮೇಲೆ ಬೀಳುತ್ತದೆ.

ಹೊಸದಕ್ಕಿಂತ ಒಗೆದು ಇಸ್ತ್ರಿ ಮಾಡಿದ ಹಳೆಯದು ಮೇಲು. ತಳ್ಳುಗಾಡಿಯ ಇಸ್ತ್ರಿಯವನ ಕೈಯಲ್ಲಿ ಬಿಸಿಯಾಗಿ ಬಂದ ಅಂಗಿ ಸಾವಿರಾರು ರೂಪಾಯಿಯ ಮುದುಡಿದ ಅಂಗಿಯನ್ನು ಸೋಲಿಸುತ್ತದೆ. ಹಿಂದಿನ ರಾತ್ರಿಯೇ ಶೂಗೆ ಪಾಲಿಶ್ ಹಾಕಿಡಿ. ಬೆಂಗಳೂರಿನ ಸಂಜೆಮಳೆಯನ್ನು ನಂಬುವಂತಿಲ್ಲ, ಕೊಡೆ ಚೀಲದಲ್ಲಿರಲಿ. ಬಸ್ಸಿನಲ್ಲಿ ನಿಂತು ಬಂದವರು ಹದಿನೈದು ನಿಮಿಷ ಮೊದಲೇ ತಲುಪಿ ಮುಖ ತೊಳೆದು ಬೆವರು ಆರಿಸಿಕೊಳ್ಳಿ. ಸಾಲ ಮಾಡಿ ಕೋಟು ಕೊಳ್ಳಬೇಡಿ. ಆ ದುಡ್ಡಿಗೆ ನಿಮ್ಮ ಮನೆಯಲ್ಲಿ ಬೇರೆ ಕೆಲಸವಿದೆ.

ಇಷ್ಟಕ್ಕೂ ನಾನು ನೋಡುವ ಅಳತೆ ಒಂದೇ: ಹಾಕಿಕೊಂಡ ಮೇಲೆ ಮರೆತುಹೋಗುವಂಥ ಬಟ್ಟೆ. ಅದು ಬಿಗಿಯಬಾರದು, ಜಾರಬಾರದು, ಕೆರೆತ ತರಬಾರದು. ಎದುರಿಗಿರುವ ಪಾರ್ಟ್‌ನರ್ ಯಾವುದೋ ಮಧ್ಯಸ್ಥಿಕೆ ಪ್ರಕರಣದ ಬಗ್ಗೆ ಹೇಳುವಾಗ ಕಿವಿ ಅಲ್ಲಿರಬೇಕು. ಒಳ್ಳೆಯ ಪ್ರಶ್ನೆ ಕೇಳಿದ ವಿದ್ಯಾರ್ಥಿ ನೆನಪಿನಲ್ಲಿ ಉಳಿಯುತ್ತಾನೆ, ಅವನ ಅಂಗಿಯ ಬ್ರ್ಯಾಂಡ್ ಉಳಿಯುವುದಿಲ್ಲ.

ಮಕ್ಕಳಿಗೆ ಇಷ್ಟು ಹೇಳಿದ ಮೇಲೆ ಫರ್ಮ್‌ಗಳಿಗೂ ಒಂದು ಮಾತು ಹೇಳಬೇಕು, ಏಕೆಂದರೆ ಹೆಚ್ಚಿನ ಹೊಣೆ ಅವರದು. ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಅಡಿಯಲ್ಲಿ ರಾಜ್ಯದ ಉದ್ದಗಲಕ್ಕೂ ಕಾಲೇಜುಗಳಿವೆ. ಅಲ್ಲಿ ಓದುವ ಮಕ್ಕಳಲ್ಲಿ ಎಷ್ಟೋ ಜನ ಕನ್ನಡ ಮಾಧ್ಯಮದಿಂದ ಬಂದವರು. ಪ್ರತಿಭೆ ಬೇಕು ಎನ್ನುವ ಫರ್ಮ್‌ಗಳು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲನ್ನು ಕರೆಯುವಷ್ಟೇ ಆಸ್ಥೆಯಿಂದ ಈ ಮಕ್ಕಳನ್ನೂ ಕರೆಯಲಿ. ಕರೆಯುವಾಗ ಕರೆಯೋಲೆಯಲ್ಲಿ ಹೀಗೆ ಬರೆಯಲಿ: “ಇಂಟರ್‌ವ್ಯೂಗೆ ಹೋಗುವಂಥ ಬಟ್ಟೆ ಸಾಕು. ಕೋಟು, ಟೈ ಬೇಕಿಲ್ಲ. ಸೀರೆ, ಚೂಡಿದಾರ, ಪ್ಯಾಂಟು-ಅಂಗಿ ಯಾವುದಾದರೂ ಆದೀತು. ಕಾಲೇಜಿನ ಬಿಳಿ-ಕಪ್ಪು ಉಡುಪಿನಲ್ಲೇ ಬಂದರೂ ಸಂತೋಷ. ಸುಮಾರು ಎರಡು ಗಂಟೆ ನಿಂತಿರಬೇಕಾಗುತ್ತದೆ.”

ಇದಕ್ಕೆ ಫರ್ಮಿನ ಬೊಕ್ಕಸದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಹಾಸ್ಟೆಲಿನಲ್ಲಿ ಅದನ್ನು ಓದುವ ಮಗುವಿಗೆ ಮಾತ್ರ, ತನ್ನಂಥವರೂ ಬರುತ್ತಾರೆಂದು ಎಣಿಸಿಯೇ ಇವರು ಕರೆದಿದ್ದಾರೆ ಎಂಬ ಧೈರ್ಯ ಸಿಗುತ್ತದೆ. ಕಕ್ಷಿದಾರರಿಗಾಗಿ ಒಂದೊಂದು ಷರತ್ತನ್ನೂ ಬಿಡಿಸಿ ಬರೆಯುವ ವಕೀಲರು ತಮ್ಮ ಮುಂದಿನ ತಲೆಮಾರಿಗಾಗಿ ಈ ಐದು ಸಾಲು ಬರೆಯಲಿ.