ಒಂದೇ ಎಳೆ

ತರ್ಕಶಾಸ್ತ್ರದ ಬಾಲಪಾಠವನ್ನು ಓದಿದವರೆಲ್ಲರಿಗೂ ತಂತುಪಟಗಳ ದೃಷ್ಟಾಂತವು ಪರಿಚಿತವಾದುದು. ಬಟ್ಟೆಗೆ ನೂಲುಗಳು ಸಮವಾಯಿಕಾರಣ. ನೂಲುಗಳ ಪರಸ್ಪರ ಸಂಯೋಗವು ಅಸಮವಾಯಿಕಾರಣ. ಮಗ್ಗ, ಲಾಳಿ ಮೊದಲಾದವು ನಿಮಿತ್ತಕಾರಣ—ಎಂದು ಅನ್ನಂಭಟ್ಟನ ತರ್ಕಸಂಗ್ರಹವನ್ನು ಹಿಡಿದ ಹುಡುಗನು ಮೊದಲ ವರ್ಷದಲ್ಲಿಯೇ ಒಪ್ಪಿಸಿಬಿಡುವನು. ಆದರೆ ಶಾಸ್ತ್ರಕಾರರು ಮನಸ್ಸಿನಲ್ಲಿಟ್ಟುಕೊಂಡಿದ್ದ ಬಟ್ಟೆಯು ಹಾಸು, ಹೊಕ್ಕು ಎಂಬ ಎರಡು ಪಂಗಡದ ಅನೇಕ ನೂಲುಗಳಿಂದಾದುದು. ಹಾಸಿಲ್ಲದೆ, ಹೊಕ್ಕಿಲ್ಲದೆ, ಮಗ್ಗವೂ ಇಲ್ಲದೆ, ಒಂದೇ ಎಳೆಯು ತನ್ನ ಕುಣಿಕೆಯೊಳಗೆ ತಾನೇ ನುಸುಳಿ ನುಸುಳಿ ಬಟ್ಟೆಯಾಗುವ ಚಮತ್ಕಾರವನ್ನು ಅವರು ಕಂಡಿದ್ದರೆ ಆ ದೃಷ್ಟಾಂತವನ್ನು ಎಷ್ಟು ತಿದ್ದುತ್ತಿದ್ದರೋ ಹೇಳಲಾಗದು.

ಚಿಕ್ಕಮಗಳೂರಿನ ಒಂದು ಹಳೆಯ ಹೆಂಚಿನ ಮನೆಯ ಜಗಲಿಯಲ್ಲಿ ಈ ಚಮತ್ಕಾರವು ಪ್ರತಿದಿನವೂ ನಡೆಯುವುದು. ಅದನ್ನು ನಡೆಸುವವರು ಭೂಮಾಪನದ ಕಚೇರಿಯಲ್ಲಿ ಆಯುಷ್ಯವನ್ನು ಸವೆಸಿ, ಅರುವತ್ತು ತುಂಬಿ, 2016ರಲ್ಲಿ ನಿವೃತ್ತರಾದ ಒಬ್ಬ ಗೃಹಸ್ಥರು. ನೆರೆಹೊರೆಯವರು ಅವರನ್ನು ರಾಯರೆಂದು ಕರೆಯುವುದರಿಂದ ಇಲ್ಲಿಯೂ ಆ ಹೆಸರೇ ಸಾಕು.

ರಾಯರ ದಿನಚರಿಯು ಗಡಿಯಾರದಂತೆ ನಿಯತವಾದುದು. ಬೆಳಗಿನ ಜಾವ ಐದಕ್ಕೆ ಎದ್ದು ಸ್ನಾನ ಸಂಧ್ಯೆಗಳನ್ನು ಮುಗಿಸಿ, ಕಾಫಿಯನ್ನು ತಾವೇ ಸೋಸಿಕೊಂಡು ಕುಡಿದು, ವೃತ್ತಪತ್ರಿಕೆಯನ್ನು ಕೊನೆಯ ಪುಟದವರೆಗೂ ಓದುವರು. ಒಂಬತ್ತು ಗಂಟೆಯ ಬಿಸಿಲು ಜಗಲಿಗೆ ಬಂದೊಡನೆ ಬೆತ್ತದ ಬುಟ್ಟಿಯೂ ಹೊರಗೆ ಬರುವುದು. ಅದರಲ್ಲಿ ಉಣ್ಣೆಯ ಉಂಡೆಗಳು, ಜೋಡಿ ಜೋಡಿಯಾದ ಕಡ್ಡಿಗಳು, ಕಾಲುಚೀಲ ಹೆಣೆಯಲು ಎರಡು ಕಡೆಯೂ ಮೊನೆಯುಳ್ಳ ಬೇರೆ ಕಡ್ಡಿಗಳು, ಜಾರಿದ ಕುಣಿಕೆಯನ್ನು ಮೇಲೆತ್ತಲು ಒಂದು ಕೊಕ್ಕೆ, ಕಚೇರಿಯ ದಿನಗಳಿಂದ ಬಂದ ಒಂದು ಅಳತೆಯ ಪಟ್ಟಿ, ಒಂದು ಲೆಕ್ಕದ ಪುಸ್ತಕ. ಹನ್ನೊಂದರವರೆಗೆ ಹೆಣಿಗೆ, ಬಳಿಕ ಅನ್ನ ಸಾರುಗಳ ಯೋಚನೆ. ಸಂಜೆ ಬೆಳಕಿರುವವರೆಗೆ ಮತ್ತೊಮ್ಮೆ. ಕಣ್ಣಿನ ಪೊರೆ ತೆಗೆಸಿದ ಮೇಲೆ ರಾತ್ರಿಯ ಹೊತ್ತು ಕಪ್ಪು ಉಣ್ಣೆಯನ್ನು ಅವರು ಮುಟ್ಟುವುದಿಲ್ಲ. ರಾತ್ರಿ ಬೆಂಗಳೂರಿನಿಂದ ಮಗಳು ದೂರವಾಣಿಯಲ್ಲಿ ಕರೆದಾಗ, ಊಟವಾಯಿತೆ ಎಂಬ ಪ್ರಶ್ನೆಯ ಬೆನ್ನಿಗೇ ಎಷ್ಟು ಸಾಲಾಯಿತು ಎಂಬ ಪ್ರಶ್ನೆಯೂ ಬರುವುದು.

ವರ್ಷದ ಹೆಚ್ಚು ಭಾಗ ರಾಯರ ಕೈಯಲ್ಲಿರುವುದು ಹಸುಗೂಸುಗಳ ಕುಲಾವಿ. ಹುಟ್ಟಿದ ಶಿಶುವಿನ ತಲೆಯು ಮೈಯ ಪ್ರಮಾಣಕ್ಕೆ ದೊಡ್ಡದು. ಮೈಯ ಶಾಖವು ಅಲ್ಲಿಂದ ಬೇಗ ಸೋರಿಹೋಗುವುದು. ಮಲೆನಾಡಿನ ಆಷಾಢದಲ್ಲಿ ಹೆರಿಗೆಯ ಕೋಣೆಯಿಂದ ಹೊರಬಂದ ಕೂಸಿಗೆ ಮೃದುವಾದ ಒಂದು ಕುಲಾವಿಯು ಅಲಂಕಾರವಲ್ಲ, ಅವಶ್ಯಕ ವಸ್ತು. ಹತ್ತು ಕುಲಾವಿಗಳಾದೊಡನೆ ರಾಯರು ಅವುಗಳನ್ನು ಕಾಗದದಲ್ಲಿ ಸುತ್ತಿ ಆಸ್ಪತ್ರೆಯ ದಾದಿಯರ ಕೈಗೆ ಕೊಟ್ಟು, ಹೆಸರು ಹೇಳದೆ ಹಿಂದಿರುಗುವರು.

ಗಂಡಸು ಜಗಲಿಯಲ್ಲಿ ಕುಳಿತು ಉಣ್ಣೆ ಹೆಣೆಯುವುದನ್ನು ನೋಡಿ ಬೀದಿಯವರು ನಗದೆ ಇರಲಿಲ್ಲ. "ಏನು ರಾಯರೇ, ಯಾರ ಮನೆಯಲ್ಲಿ ಸೀಮಂತ?" ಎಂದು ಎದುರು ಮನೆಯ ವಕೀಲರು ವರ್ಷಗಟ್ಟಲೆ ಕೇಳಿದರು. ರಾಯರು ಉತ್ತರ ಕೊಡಲಿಲ್ಲ. ಆದರೆ ಗ್ರಂಥಭಂಡಾರದಲ್ಲಿ ಕುಳಿತು ಈ ವಿದ್ಯೆಯ ಪೂರ್ವೋತ್ತರಗಳನ್ನು ಓದಿಕೊಂಡರು. ಹೆಣಿಗೆಯ ಅತಿ ಹಳೆಯ ಚೂರುಗಳಲ್ಲಿ ಹಲವು ಈಜಿಪ್ಟಿನಲ್ಲಿ ದೊರೆತ, ನೀಲಿ ಬಿಳುಪಿನ ಹತ್ತಿನೂಲಿನ ಕಾಲುಚೀಲಗಳು. ಅವು ಕ್ರಿಸ್ತಶಕ ಹನ್ನೊಂದರಿಂದ ಹದಿನಾಲ್ಕನೆಯ ಶತಮಾನಗಳ ನಡುವಿನವೆಂದು ಎಣಿಕೆ. ಯೂರೋಪಿನ ಪಟ್ಟಣಗಳಲ್ಲಿ ಒಂದು ಕಾಲಕ್ಕೆ ಇದು ಶ್ರೇಣಿಗಳನ್ನು ಕಟ್ಟಿಕೊಂಡ ಗಂಡಸರ ಕಸುಬಾಗಿತ್ತು. ಅಲ್ಸೇಸ್, ಸೈಲೀಷಿಯಾ ಪ್ರಾಂತಗಳಲ್ಲಿ ಶಿಷ್ಯನು ಗುರುವಿನ ಪದವಿಗೇರಬೇಕಾದರೆ ಬಣ್ಣಬಣ್ಣದ ದೊಡ್ಡ ರತ್ನಗಂಬಳಿಯೊಂದನ್ನು ಹೆಣೆದು ಪರೀಕ್ಷೆಗೆ ಒಪ್ಪಿಸಬೇಕಾಗಿತ್ತು. 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರವನ್ನು ಮೊದಲು ಕಲ್ಪಿಸಿದವನು ಇಂಗ್ಲೆಂಡಿನ ವಿಲಿಯಂ ಲೀ. ಫ್ರಾನ್ಸಿನ ಲಾಂಡ್ ಸೀಮೆಯ ಕುರುಬರು ಜೌಗುನೆಲದಲ್ಲಿ ಮರಗಾಲು ಕಟ್ಟಿಕೊಂಡು ನಿಂತು, ಕುರಿಗಳನ್ನು ಕಾಯುತ್ತಲೇ ಹೆಣೆಯುತ್ತಿದ್ದರು. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿರುವ ತಾಕಿಲೆ ದ್ವೀಪದಲ್ಲಿ ಟೊಪ್ಪಿಗೆಯನ್ನು ಹೆಣೆಯುವವರು ಇಂದಿಗೂ ಗಂಡಸರೇ. ದೂರದ ಮಾತೇಕೆ? ಕನ್ನಡನಾಡಿನಲ್ಲಿಯೇ ಕುರುಬರ ಮನೆಗಳಲ್ಲಿ ಹೆಂಗಸರು ಉಣ್ಣೆಯನ್ನು ನೂಲುವುದೂ ಗಂಡಸರು ಕಂಬಳಿ ನೇಯುವುದೂ ರೂಢಿ. ಇದೆಲ್ಲವನ್ನೂ ತಿಳಿದ ಮೇಲೆ ರಾಯರು ವಕೀಲರೊಡನೆ ವಾದಕ್ಕೆ ಹೋಗಲಿಲ್ಲ. ಮುಂದಿನ ಮಾಗಿಯಲ್ಲಿ ಅವರಿಗೊಂದು ಕಿವಿಮುಚ್ಚುವ ಟೊಪ್ಪಿಗೆಯನ್ನು ಹೆಣೆದುಕೊಟ್ಟರು. ಸೀಮಂತದ ಪ್ರಶ್ನೆಯು ಅಲ್ಲಿಗೆ ನಿಂತಿತು.

ರಾಯರಿಗೆ ಈ ವಿದ್ಯೆಯ ಗುರು ಅವರ ಗೃಹಿಣಿ. ಆಕೆ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಕಲಿತ ಹೆಣಿಗೆಯನ್ನು ನಲವತ್ತು ವರ್ಷ ಬಿಡದೆ ನಡೆಸಿದ್ದರು. ರಾಯರು ನಿವೃತ್ತರಾಗುವ ಹೊತ್ತಿಗೆ ಸಂಧಿವಾತವು ಆಕೆಯ ಬೆರಳುಗಳ ಗೆಣ್ಣುಗಳನ್ನು ಹಿಡಿಯಿತು. ಬೆಳಗ್ಗೆ ಎದ್ದಾಗ ಮುಷ್ಟಿ ಮಡಿಸುವುದೇ ಕಷ್ಟವಾಯಿತು. ಆಗ ಆಕೆ ಗಂಡನಿಗಾಗಿ ಬೂದುಬಣ್ಣದ, ತೋಳಿಲ್ಲದ ಸ್ವೆಟರನ್ನು ಹೆಣೆಯುತ್ತಿದ್ದರು. ಬೆನ್ನಿನ ಭಾಗ ಮುಗಿದಿತ್ತು. ಎದೆಯ ಭಾಗ ಒಂಬತ್ತು ಅಂಗುಲದಷ್ಟಾಗಿತ್ತು. ಒಂದು ದಿನ ಕಡ್ಡಿಯು ಕೈಯಿಂದ ಜಾರಿತು, ಮರುದಿನವೂ ಜಾರಿತು. ಮೂರನೆಯ ದಿನ ಆಕೆ ಅದನ್ನು ಕಡ್ಡಿಯ ಸಮೇತ ಮಡಿಸಿಟ್ಟು, ಗಂಡನನ್ನು ಕರೆದು, "ಇನ್ನು ಮೇಲೆ ನನ್ನ ಕೈ ನೀವೇ. ಕೂತುಕೊಳ್ಳಿ," ಎಂದರು.

ಪಾಠವು ಸುಲಭವಾಗಿರಲಿಲ್ಲ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ನುಣುಪಾದ ಮುಖ ಬರುವುದು, ಅಂಚು ಮಾತ್ರ ಸುರುಳಿಕೊಳ್ಳುವುದು. ಎರಡು ಸೀದಾ, ಎರಡು ಉಲ್ಟಾ ಎಂದು ಒಂದೇ ಸಾಲಿನಲ್ಲಿ ಬೆರಸಿದರೆ ಹಿಗ್ಗಿ ಕುಗ್ಗುವ ಪಟ್ಟಿಯಾಗುವುದು—ಇಷ್ಟನ್ನು ತಿಳಿಯಲು ರಾಯರಿಗೆ ಒಂದು ತಿಂಗಳು ಹಿಡಿಯಿತು. "ಇದೇನು, ಸರ್ವೇ ಸರಪಳಿ ಎಳೆದ ಹಾಗೆ ಎಳೀತೀರಲ್ಲ! ಎಳೆ ಬೆರಳಿನ ಮೇಲೆ ಹರಿಯಬೇಕು, ಬಿಗಿದರೆ ಅದಕ್ಕೆ ಉಸಿರು ಕಟ್ಟುತ್ತೆ," ಎಂದು ಆಕೆ ಗದರುವರು. "ನೀನು ಎದುರಿಗೆ ಕೂತರೆ ಕೈ ನಡುಗುತ್ತೆ ಕಣೇ," ಎಂದು ಇವರು ಗೊಣಗುವರು. ಹೆಣೆದ ಮೊದಲ ಕುಲಾವಿಯನ್ನು ರಾಯರು ಶುಚಿಗಾಗಿ ಕುದಿನೀರಿನಲ್ಲಿ ಸೋಪು ಹಾಕಿ ತಿಕ್ಕಿದರು. ಉಣ್ಣೆಯ ಕೂದಲಿನ ಮೇಲೆ ಮೀನಿನ ಹುರುಪೆಯಂಥ ಪದರಗಳುಂಟು. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡವು. ಕುಲಾವಿಯು ತೆಂಗಿನ ಗರಟದಷ್ಟಾಯಿತು. ಆ ದಿನ ಆಕೆ ನಕ್ಕ ನಗೆಯು, ನೋವು ಬಂದ ಬಳಿಕ ಆ ಮನೆಯಲ್ಲಿ ಕೇಳಿಬಂದ ಮೊದಲ ನಗೆ.

ರಾಯರ ಕೈ ತಕ್ಕಮಟ್ಟಿಗೆ ಪಳಗಿದ ಮೇಲೆ ಬೂದು ಸ್ವೆಟರಿನ ಮಾತು ಬಂದಿತು. "ಈಗಲೇ ಬೇಡ. ನಿಮ್ಮ ಕೈ ಹದಕ್ಕೆ ಬರಲಿ, ಆಮೇಲೆ ನೋಡೋಣ," ಎಂದರು ಆಕೆ. 2019ರ ಆಷಾಢದಲ್ಲಿ ಬಂದ ಜ್ವರವು ಆಕೆಯನ್ನು ಕೊಂಡೊಯ್ದಿತು. ಕೈ ಹದಕ್ಕೆ ಬಂದಿತೆಂದು ಹೇಳತಕ್ಕವರು ಇಲ್ಲವಾದರು. ಸ್ವೆಟರು ಪೆಟ್ಟಿಗೆಯಲ್ಲಿ, ಉಳಿದ ಉಣ್ಣೆಯೊಡನೆ, ನುಸಿಗುಳಿಗೆಗಳ ನಡುವೆ ಮೂರು ವರ್ಷ ಮಲಗಿತ್ತು.

2022ರ ಮಾಗಿಯಲ್ಲಿ ರಾಯರು ಅದನ್ನು ಹೊರಗೆ ತೆಗೆದು ಅಳೆದರು. ನಾಲ್ಕು ಅಂಗುಲಕ್ಕೆ ಆಕೆಯ ಕುಣಿಕೆಗಳು 22. ಅದೇ 8ನೆಯ ನಂಬರಿನ ಕಡ್ಡಿ, ಅದೇ ಉಣ್ಣೆಯಿಂದ ರಾಯರು ಒಂದು ತುಂಡನ್ನು ಹೆಣೆದು ನೋಡಿದರೆ ನಾಲ್ಕು ಅಂಗುಲಕ್ಕೆ 24. ಕೈಯ ಬಿಗಿ ಅಷ್ಟು. ಎರಡು ಕುಣಿಕೆ ಅಲ್ಪವೆಂದು ತೋರಬಹುದು. ಆದರೆ ಎದೆಯ ಸುತ್ತಿನ 198 ಕುಣಿಕೆಗಳಿಗೆ ಆಕೆಯ ಕೈಯಲ್ಲಿ 36 ಅಂಗುಲ, ಇವರ ಕೈಯಲ್ಲಿ 33 ಅಂಗುಲ. ಹಾಗೆಯೇ ಮುಂದುವರಿಸಿದರೆ ಸ್ವೆಟರು ನಡುವಿನಲ್ಲಿ ಹಿಚುಕಿದಂತಾಗುವುದು.

ಮಗಳು, "ಅಪ್ಪ, ಎಲ್ಲವನ್ನೂ ಬಿಚ್ಚಿ ಮೊದಲಿಂದ ಹಾಕಿಬಿಡಿ, ಒಂದೇ ಸಮ ಬರುತ್ತೆ," ಎಂದಳು. ರಾಯರ ತಂಗಿ, "ಅತ್ತಿಗೆಯ ಕೈಗೆಲಸ, ಹಾಗೆಯೇ ಇರಲಿ ಅಣ್ಣಯ್ಯ, ಪೆಟ್ಟಿಗೆಯಲ್ಲಿಡು," ಎಂದಳು. ಎರಡೂ ಪ್ರೀತಿಯ ಮಾತುಗಳೇ. ಆದರೆ ಪೆಟ್ಟಿಗೆಯಲ್ಲಿಟ್ಟರೆ ಅದು ಉಡುಪಾಗಲಿಲ್ಲ. ಆಕೆ ಹೆಣೆದದ್ದು ತೊಡಲೆಂದು. ಬಿಚ್ಚುವುದಂತೂ ಇನ್ನೂ ಕಠಿಣ. ಹೆಣಿಗೆಯ ತುದಿಯೊಂದನ್ನು ಹಿಡಿದು ಎಳೆದರೆ ಇಡೀ ಬಟ್ಟೆಯು ಸರಸರನೆ ಮತ್ತೆ ಎಳೆಯಾಗುವುದು. ಉಣ್ಣೆಯಲ್ಲಿ ಒಂದು ಗೇಣೂ ನಷ್ಟವಾಗದು. ತೂಗಿದರೆ ಒಂದು ಗುಂಜಿಯೂ ಕಡಿಮೆಯಾಗದು. ಸಮವಾಯಿಕಾರಣವು ಇದ್ದಂತೆಯೇ ಇದ್ದರೂ ಅಸಮವಾಯಿಕಾರಣವಾದ ಸಂಯೋಗವು ಅಳಿದರೆ ಪಟವು ಅಳಿಯಿತೆಂದು ತಾರ್ಕಿಕರು ಹೇಳುವುದು ಇದನ್ನೇ. ಆಕೆಯ ಕೈ ಇದ್ದುದು ಉಣ್ಣೆಯಲ್ಲಲ್ಲ, ಆ ಸಂಯೋಗದಲ್ಲಿ. ಎದೆಯ ಭಾಗದ ಆ ಒಂಬತ್ತು ಅಂಗುಲಗಳಲ್ಲಿ ಆರೂವರೆ ಸಾವಿರಕ್ಕೆ ಕಡಿಮೆಯಿಲ್ಲದ ಕುಣಿಕೆಗಳು. ಕೊನೆಯ ನಾಲ್ಕಾರು ಸಾಲುಗಳಲ್ಲಿ ಕುಣಿಕೆಗಳು ಒಂದು ಸಡಿಲ, ಒಂದು ಬಿಗಿ. ನೋವಿನ ದಿನಗಳ ದಿನಚರಿಯಂತೆ ಅವು ಓದಲು ಬರುತ್ತಿದ್ದವು. ಒಂದು ಕಡೆ ಸೀದಾ ಇರಬೇಕಾದಲ್ಲಿ ಉಲ್ಟಾ ಬಿದ್ದಿತ್ತು. ನಲವತ್ತು ವರ್ಷದ ಕೈಯಲ್ಲಿ ಅಂಥ ತಪ್ಪು ಅಪರೂಪ.

ರಾಯರು ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಪೇಟೆಗೆ ಹೋಗಿ 7ನೆಯ ನಂಬರಿನ ಕಡ್ಡಿಗಳನ್ನು ತಂದರು. ಕಡ್ಡಿಯ ಲೆಕ್ಕದಲ್ಲಿ ನಂಬರು ಇಳಿದಂತೆ ದಪ್ಪ ಏರುವುದು. ದಪ್ಪ ಕಡ್ಡಿಯಲ್ಲಿ ಅವರ ಬಿಗಿಯಾದ ಕೈಯೂ ನಾಲ್ಕು ಅಂಗುಲಕ್ಕೆ 22 ಕುಣಿಕೆಗೆ ಬಂದಿತು. ಆಕೆಯ ಕಡ್ಡಿಯ ಮೇಲೆ ಮೂರು ವರ್ಷ ಕಾದಿದ್ದ ಕುಣಿಕೆಗಳನ್ನು ಒಂದೊಂದಾಗಿ ಹೊಸ ಕಡ್ಡಿಗೆ ಹೊರಳಿಸಿ, ಮುಂದಿನ ಸಾಲನ್ನು ಹೆಣೆದರು. ಅಳತೆಯು ಕೂಡಿತು; ಆದರೂ ಅಲ್ಲೊಂದು ತೆಳುವಾದ ಗೆರೆ ಉಳಿದುಕೊಂಡಿತು. ಉಲ್ಟಾ ಬಿದ್ದಿದ್ದ ಒಂದು ಕುಣಿಕೆಯನ್ನು ಕೊಕ್ಕೆಯಿಂದ ಸರಿಪಡಿಸುವುದು ಎರಡು ನಿಮಿಷದ ಕೆಲಸ. ರಾಯರು ಅದನ್ನು ಮುಟ್ಟಲಿಲ್ಲ.

ವಾರದ ಕೊನೆಯಲ್ಲಿ ರಾಯರು ಊರಲ್ಲಿ ನಿಲ್ಲುವವರಲ್ಲ. ಶನಿವಾರ ಉಣ್ಣೆಯ ಅಂಗಡಿ, ಕುಲಾವಿಗಳನ್ನು ತಣ್ಣೀರಿನಲ್ಲಿ ಅದ್ದಿ ನೆರಳಿನಲ್ಲಿ ಹರಡುವ ಕೆಲಸ. ಭಾನುವಾರ ಬುತ್ತಿಯನ್ನೂ ಬುಟ್ಟಿಯನ್ನೂ ಹಿಡಿದು ಬಸ್ಸು ಹತ್ತುವರು: ಒಂದು ವಾರ ಬೇಲೂರು, ಒಂದು ವಾರ ಸಖರಾಯಪಟ್ಟಣದ ಅಯ್ಯನಕೆರೆ, ಯಾರಾದರೂ ಜೀಪಿನಲ್ಲಿ ಕರೆದೊಯ್ದರೆ 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ. ಆದರೆ ಅವರಿಗೆ ಮೆಚ್ಚಿನ ಜಾಗವು ಊರಿಂದ ಸುಮಾರು 30 ಕಿಲೋಮೀಟರು ದೂರದ ಬೆಳವಾಡಿಯ ವೀರನಾರಾಯಣನ ಗುಡಿ. ಹೊಯ್ಸಳರ ಈ ತ್ರಿಕೂಟದಲ್ಲಿ ನಡುವಿನ ನಾರಾಯಣನ ಗುಡಿಯು ಮೊದಲಿನದು, ಸರಳವಾದುದು. ವೇಣುಗೋಪಾಲ, ಯೋಗನರಸಿಂಹರ ಗುಡಿಗಳೂ ಮುಂದಿನ ವಿಶಾಲವಾದ ಮಂಟಪವೂ ಆಮೇಲೆ ಕೂಡಿಕೊಂಡವು. ಕಡೆದ ಕಂಬಗಳು ಕನ್ನಡಿಯಂತೆ ಹೊಳೆಯುವ ಆ ಮಂಟಪದ ಅಂಚಿನಲ್ಲಿ ಕುಳಿತು ಅವರು ಗಂಟೆಗಟ್ಟಲೆ ಹೆಣೆಯುವರು.

ಬೂದು ಸ್ವೆಟರನ್ನು ಮೊದಲು ತೊಟ್ಟ ಭಾನುವಾರ ಅಲ್ಲಿಗೆ ಪ್ರವಾಸ ಬಂದಿದ್ದ ಶಾಲೆಯ ಮಕ್ಕಳು ಅವರನ್ನು ಮುತ್ತಿಕೊಂಡರು. ಒಬ್ಬ ಹುಡುಗಿಯ ಕಣ್ಣು ಚುರುಕು. "ತಾತ, ನಿಮ್ಮ ಸ್ವೆಟರಿನಲ್ಲಿ ಇಲ್ಲೊಂದು ಗೆರೆ ಕಾಣುತ್ತೆ," ಎಂದಳು.

ರಾಯರು ಬಗ್ಗಿ ನೋಡಿಕೊಂಡರು. ಜೀವಮಾನವೆಲ್ಲ ಹೊಲಗದ್ದೆಗಳ ನಡುವೆ ಗೆರೆ ಎಳೆದು, ಇದು ಇವನದು, ಅದು ಅವನದು ಎಂದು ಕಲ್ಲು ನೆಡಿಸಿದವರು ಅವರು.

"ಹೌದು ಮಗು," ಎಂದರು. "ಅಲ್ಲಿಯತನಕ ನಮ್ಮ ಮನೆಯವಳು ಹೆಣೆದದ್ದು, ಅಲ್ಲಿಂದ ಮೇಲೆ ನಾನು. ಎಳೆ ಮಾತ್ರ ಒಂದೇ."

ಹುಡುಗಿಯು ಬೆರಳಿನಿಂದ ಆ ಗೆರೆಯನ್ನು ಒಮ್ಮೆ ಸವರಿ, ಕಡ್ಡಿಯನ್ನು ತಾನೂ ಹಿಡಿದು ನೋಡಬಹುದೆ ಎಂದು ಕೇಳಿದಳು. ರಾಯರು ಬುಟ್ಟಿಯಿಂದ ಇನ್ನೊಂದು ಜೊತೆಯನ್ನು ತೆಗೆದು, ಹತ್ತು ಕುಣಿಕೆಗಳನ್ನು ಹಾಕಿಕೊಟ್ಟರು. ಅವಳು ಎಳೆಯನ್ನು ಬಲವಾಗಿ ಜಗ್ಗಿದಳು. "ಅಷ್ಟು ಬಿಗಿ ಬೇಡಮ್ಮ," ಎಂದರು ರಾಯರು, "ಬೆರಳಿನ ಮೇಲೆ ಹರಿಯಲಿ."