ಅಕ್ರಿಂಗ್ಟನ್ನಿನ ಕಾಲ್ಚೆಂಡು

ಲ್ಯಾಂಕಶೈರ್ ಎಂಬ ಹೆಸರು ನಮ್ಮ ಹಿರಿಯರಿಗೆ ಭೂಗೋಳದ ಪುಸ್ತಕಕ್ಕಿಂತ ಮೊದಲು ಬಟ್ಟೆಯ ಅಂಗಡಿಯಲ್ಲಿ ಪರಿಚಯವಾಯಿತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಎಂದರೆ 1861ರಿಂದ 1865ರವರೆಗೆ, ಅಲ್ಲಿಯ ಗಿರಣಿಗಳಿಗೆ ಹತ್ತಿ ದೊರೆಯದೆ ಹೋದಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಬಿದ್ದದ್ದು ನಮ್ಮ ಧಾರವಾಡದ ಹತ್ತಿಯ ಮೇಲೆ. ಕಾರವಾರದ ಬಂದರಿನ ಮಾತು ಅಷ್ಟು ಜೋರಾಗಿ ಎದ್ದದ್ದೂ ಅದರಿಂದಲೇ. ಆ ಗಿರಣಿಗಳ ನಾಡಿನ ಪೂರ್ವಭಾಗದಲ್ಲಿ, ಬ್ಲ್ಯಾಕ್‌ಬರ್ನ್ ಮತ್ತು ಬರ್ನ್‌ಲಿ ಪಟ್ಟಣಗಳ ನಡುವೆ, ಬೆಟ್ಟಗಳ ಮಡಿಲಿನಲ್ಲಿ ಅಕ್ರಿಂಗ್ಟನ್ ಎಂಬ ಚಿಕ್ಕ ಊರು ಇದೆ. ಅಲ್ಲಿಯ ಜನಸಂಖ್ಯೆ ಸುಮಾರು 35,000. ನಮ್ಮ ತಾಲ್ಲೂಕು ಕೇಂದ್ರವೊಂದರಷ್ಟು ಎಂದರೆ ಸಾಕು.

ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಊರಿನ ಮೇಲೆಯೇ ಸಾಗಿಹೋಗುವ ಕಮಾನುಗಳ ರೈಲುಸೇತುವೆ. ಆಮೇಲೆ ಕೆಂಪು ಇಟ್ಟಿಗೆ. ಇಲ್ಲಿ ಸುಡುತ್ತಿದ್ದ ಇಟ್ಟಿಗೆ ಎಷ್ಟು ಗಟ್ಟಿಯೆಂದರೆ ಅದಕ್ಕೆ ಕಬ್ಬಿಣವೆಂಬ ಅರ್ಥದ ಆಂಗ್ಲಪದವನ್ನೇ ಹೆಸರಾಗಿಟ್ಟರಂತೆ. ಅಚ್ಚಿನಲ್ಲಿ ಅಕ್ಷರಗಳು ಹಿಂದುಮುಂದಾಗಿ ಕೂತು ‘ನೋರಿ’ ಎಂದಾಯಿತಂತೆ. ಕಥೆ ನಿಜವೋ ಸುಳ್ಳೋ, ಇಟ್ಟಿಗೆ ಮಾತ್ರ ‘ನೋರಿ’ ಎಂದೇ ಲೋಕಪ್ರಸಿದ್ಧವಾಯಿತು.

ಈ ಊರನ್ನು ನೋಡಬಯಸುವವರು ಅದರ ಕಾಲ್ಚೆಂಡಿನ ಸಂಘವನ್ನು ಬಿಟ್ಟು ನೋಡಲಾರರು. 1888ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಲೀಗ್ ಸ್ಥಾಪಿತವಾದಾಗ ಅದರಲ್ಲಿದ್ದವು ಹನ್ನೆರಡೇ ತಂಡಗಳು. ಅವುಗಳಲ್ಲಿ ಆರು ಲ್ಯಾಂಕಶೈರಿನವು, ಆ ಆರರಲ್ಲಿ ಅಕ್ರಿಂಗ್ಟನ್ ಒಂದು. ಆದರೆ 1893ರಲ್ಲಿ ಎರಡನೆಯ ಶ್ರೇಣಿಗೆ ಇಳಿಯಬೇಕಾದ ಪ್ರಸಂಗ ಬಂದಾಗ, ಇಳಿಯುವುದಕ್ಕಿಂತ ಬಿಟ್ಟುಹೋಗುವುದೇ ಲೇಸೆಂದು ಆ ಹಳೆಯ ಸಂಘ ಲೀಗಿಗೆ ರಾಜೀನಾಮೆ ಕೊಟ್ಟಿತು. ಅಭಿಮಾನವೇನೋ ಉಳಿಯಿತು, ಸಂಘ ಮೂರು ವರ್ಷದಲ್ಲಿ ಅಳಿಯಿತು. ಅಷ್ಟರಲ್ಲಿ ಊರಿನ ಸ್ಟಾನ್ಲಿ ಬೀದಿಯ ಕಡೆಯ ಹುಡುಗರು 1891ರಲ್ಲಿಯೇ ಕಟ್ಟಿಕೊಂಡಿದ್ದ ಮತ್ತೊಂದು ತಂಡ ಊರಿನ ಹೆಸರನ್ನೂ ಬೀದಿಯ ಹೆಸರನ್ನೂ ಸೇರಿಸಿ ‘ಅಕ್ರಿಂಗ್ಟನ್ ಸ್ಟಾನ್ಲಿ’ ಎಂದು ಕರೆದುಕೊಂಡಿತು. ನಮಗೆ ತಿಳಿದ ಚಂಡಮಾರುತದಂತಹ ಅನ್ವೇಷಕ ಸ್ಟಾನ್ಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ತಂಡದ ಕಥೆ ಬೆಳೆಯುವ ಮುನ್ನ ಊರಿಗೆ ಬೇರೊಂದು ಸಿಡಿಲು ಬಡಿಯಿತು. 1914ರಲ್ಲಿ ಒಂದೇ ಊರಿನವರು, ಒಂದೇ ಗಿರಣಿಯವರು ಜೊತೆಯಾಗಿ ಸೈನ್ಯ ಸೇರಬಹುದೆಂದು ಸರ್ಕಾರ ಕರೆಕೊಟ್ಟಿತು. ಅಕ್ರಿಂಗ್ಟನ್ನಿನವರೂ ನೆರೆಯೂರುಗಳವರೂ ಸೇರಿ ಹತ್ತು ದಿನಗಳಲ್ಲಿ ಒಂದು ದಳವನ್ನೇ ತುಂಬಿದರು. 1916ರ ಜುಲೈ 1ರಂದು ಫ್ರಾನ್ಸಿನ ಸೆರ್ ಎಂಬ ಹಳ್ಳಿಯ ಮುಂದೆ ಅವರಲ್ಲಿ ಸುಮಾರು 720 ಮಂದಿ ಮುನ್ನುಗ್ಗಿದರು. ಅರ್ಧ ಗಂಟೆಯೊಳಗೆ 584 ಮಂದಿ ಸತ್ತರು, ಗಾಯಗೊಂಡರು, ಅಥವಾ ಕಾಣೆಯಾದರು. ಜೊತೆಯಾಗಿ ಹೋದವರು ಜೊತೆಯಾಗಿಯೇ ಬಿದ್ದುದರಿಂದ ಊರಿನಲ್ಲಿ ದುಃಖ ಮುಟ್ಟದ ಬೀದಿಯನ್ನು ಹುಡುಕಬೇಕಾಯಿತು. ಇದಾದ ಮೂರೇ ವರ್ಷಕ್ಕೆ, 1919ರಲ್ಲಿ, ಸ್ಟಾನ್ಲಿ ತಂಡ ಪೀಲ್ ಪಾರ್ಕ್ ಮೈದಾನಕ್ಕೆ ಬಂದಿತು. 1921ರಲ್ಲಿ ಲೀಗಿನ ಮೂರನೆಯ ಶ್ರೇಣಿಯ ಉತ್ತರ ವಿಭಾಗಕ್ಕೆ ಪ್ರವೇಶ ಪಡೆಯಿತು. ಶನಿವಾರ ಮಧ್ಯಾಹ್ನ ಗಿರಣಿ ಮುಚ್ಚಿದೊಡನೆ ಮೈದಾನದತ್ತ ನಡೆದ ಆ ಜನ ಏನನ್ನು ಮರೆಯಲು ಹೋಗುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಗಿರಣಿಗಳ ಒಳ್ಳೆಯ ದಿನಗಳು ಆಗಲೇ ಕಳೆದಿದ್ದವು. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಹತ್ತಿರದ ಡಾರ್ವೆನ್ನಿಗೆ ಬಂದು ನಿರುದ್ಯೋಗಿ ನೇಕಾರರನ್ನು ಕಂಡದ್ದನ್ನು ವಾಚಕರು ಬಲ್ಲರು. ತಮ್ಮ ಬಟ್ಟೆಯನ್ನು ಬಹಿಷ್ಕರಿಸಿದವರನ್ನೇ ಆ ಕೂಲಿಗಾರರು ಆದರದಿಂದ ಬರಮಾಡಿಕೊಂಡರು. ಅಂಥ ಬಡ ಜನರ ಚಿಲ್ಲರೆ ಕಾಸಿನ ಮೇಲೆಯೇ ಸ್ಟಾನ್ಲಿಯ ಬಾಳೂ ನಿಂತಿತ್ತು.

1950ರ ದಶಕದಲ್ಲಿ ವಾಲ್ಟರ್ ಗ್ಯಾಲ್‌ಬ್ರೇತ್ ಎಂಬ ವ್ಯವಸ್ಥಾಪಕರು ಸ್ಕಾಟ್ಲೆಂಡಿನಿಂದ ಆಟಗಾರರನ್ನು ತಂದು ತಂಡಕ್ಕೆ ಕಳೆ ತಂದರು. ಒಮ್ಮೆಯಂತೂ ಹನ್ನೊಂದು ಮಂದಿಯೂ ಸ್ಕಾಟರೇ! 1955ರಲ್ಲಿ ಎರಡನೆಯ ಸ್ಥಾನ, 1958ರಲ್ಲಿ ಮತ್ತೆ ಎರಡನೆಯ ಸ್ಥಾನ. ಆಗ ಮೇಲಕ್ಕೆ ಹೋಗುತ್ತಿದ್ದುದು ಪ್ರಥಮ ಸ್ಥಾನದವರೊಬ್ಬರೇ. ಗೆಲುವು ಕೈಗೆಟುಕುವಷ್ಟು ಹತ್ತಿರ ಬಂದಾಗಲೇ ಮನುಷ್ಯರು ಕೈಮೀರಿ ಖರ್ಚು ಮಾಡುವುದು. ಆಲ್ಡರ್‌ಶಾಟಿನ ಸೈನಿಕ ಪ್ರದರ್ಶನಕ್ಕೆಂದು ಕಟ್ಟಿದ್ದ ಒಂದು ಪ್ರೇಕ್ಷಕ ಮಂಟಪವನ್ನು ಸಂಘದವರು 1958ರಲ್ಲಿ 1,450 ಪೌಂಡಿಗೆ ಕೊಂಡರು. ಅಗ್ಗವೆಂದು ಕೊಂಡದ್ದನ್ನು ಸಾಗಿಸಿ ನಿಲ್ಲಿಸುವುದಕ್ಕೆ ಅದರ ಹಲವು ಪಟ್ಟು ಹಣ ಬಿದ್ದಿತು. ಕುದುರೆ ಕೊಳ್ಳಲು ಹೋಗಿ ಲಾಯಕ್ಕೆ ಮನೆ ಮಾರಿದಂತೆ! ಅದೂ ಸಾಲದೆಂಬಂತೆ, ಕಾಲ್ಚೆಂಡನ್ನು ನೋಡಲು ಆ ಮಂಟಪ ಅಷ್ಟು ಯೋಗ್ಯವೂ ಆಗಿರಲಿಲ್ಲ. 1961ರಲ್ಲಿ ಆಟಗಾರರ ವಾರದ ವೇತನಕ್ಕಿದ್ದ 20 ಪೌಂಡಿನ ಮಿತಿಯೂ ಹೋಯಿತು. ಆಟಗಾರರಿಗೆ ಅದು ನ್ಯಾಯವೇ. ಆದರೆ ಸಣ್ಣ ಊರಿನ ತಂಡಗಳಿಗೆ ಬದುಕು ಮತ್ತಷ್ಟು ಭಾರವಾಯಿತು. ಸ್ಟಾನ್ಲಿ ಆಗಲೇ ನಾಲ್ಕನೆಯ ಶ್ರೇಣಿಗೆ ಜಾರಿತ್ತು.

1962ರ ಮಾರ್ಚ್ 2ರಂದು ತಂಡ ಕ್ರೂ ಎಂಬಲ್ಲಿ 4-0ಯಿಂದ ಸೋತಿತು. ಸಾಲ 60,000 ಪೌಂಡಿನ ಆಸುಪಾಸಿಗೆ ಏರಿತ್ತು. ಸಲಹೆ ಕೊಡಲೆಂದು ಕರೆಸಿದ್ದ ಬರ್ನ್‌ಲಿ ಸಂಘದ ಅಧ್ಯಕ್ಷ ಬಾಬ್ ಲಾರ್ಡ್, ಇನ್ನು ಉಳಿಗಾಲವಿಲ್ಲವೆಂದರು. ರಾಜೀನಾಮೆ ಪತ್ರ ಅಂಚೆಗೆ ಬಿದ್ದಿತು. ಪತ್ರ ಹೋದಮೇಲೆ ಊರಿಗೆ ಎಚ್ಚರವಾಯಿತು. ಹಣ ಕೊಡುವೆವೆಂದು ಮುಂದೆ ಬಂದವರ ಮಾತು ನಂಬಿ, ಪತ್ರವನ್ನು ಹಿಂತೆಗೆದುಕೊಳ್ಳುತ್ತೇವೆಂದು ಸಂಘ ಲೀಗಿಗೆ ಬೇಡಿಕೊಂಡಿತು. ಲೀಗಿನ ಕಾರ್ಯದರ್ಶಿ ಅಲನ್ ಹಾರ್ಡಾಕರ್ ಕಾಯಿದೆಯ ಮನುಷ್ಯರು. ಕೊಟ್ಟ ರಾಜೀನಾಮೆ ಕೊಟ್ಟದ್ದೇ ಎಂದಾಯಿತು. ಆ ಋತುವಿನಲ್ಲಿ ಆಡಿದ್ದ 33 ಪಂದ್ಯಗಳ ಫಲಿತಾಂಶವನ್ನೂ ದಾಖಲೆಯಿಂದ ಅಳಿಸಿಹಾಕಿದರು. ಸೋಲನ್ನು ಕೂಡ ಕಸಿದುಕೊಂಡ ಆ ಕ್ರಮ ನನಗೆ ಎಲ್ಲಕ್ಕಿಂತ ಕಠೋರವೆನಿಸುತ್ತದೆ. ತೆರವಾದ ಸ್ಥಾನಕ್ಕೆ ಆಕ್ಸ್‌ಫರ್ಡ್ ಯುನೈಟೆಡ್ ಬಂದಿತು. ಸ್ಟಾನ್ಲಿ ಕೆಳಗಿನ ಪಂದ್ಯಾವಳಿಯಲ್ಲಿ ಕೆಲವು ಕಾಲ ಏಗಿ, 1966ರಲ್ಲಿ ಕಣ್ಮುಚ್ಚಿತು.

ಆದರೂ 1968ರಲ್ಲಿ ಊರಿನ ಕೆಲವರು ಸಭೆ ಸೇರಿ ಅದೇ ಹೆಸರಿನ ಹೊಸ ಸಂಘವನ್ನು ಕಟ್ಟಿದರು. 1970ರಿಂದ ಕ್ರೌನ್ ಗ್ರೌಂಡ್ ಎಂಬ ಬೇರೊಂದು ಮೈದಾನದಲ್ಲಿ ಆಟ ಮೊದಲಾಯಿತು. ಲೀಗಿನಿಂದ ದೂರ, ಪತ್ರಿಕೆಗಳಿಗೂ ದೂರ. 1980ರ ದಶಕದ ಕೊನೆಯಲ್ಲಿ ಹಾಲಿನ ಜಾಹೀರಾತೊಂದರಲ್ಲಿ, ಹಾಲು ಕುಡಿಯದಿದ್ದರೆ ಅಕ್ರಿಂಗ್ಟನ್ ಸ್ಟಾನ್ಲಿಗೆ ಮಾತ್ರ ಆಡಬಲ್ಲೆಯೆಂದು ಒಬ್ಬ ಬಾಲಕ ಇನ್ನೊಬ್ಬನಿಗೆ ಹೇಳುತ್ತಾನೆ. ಅದಾವುದೆಂದು ಅವನು ಕೇಳುತ್ತಾನೆ. ಇಡೀ ದೇಶ ನಕ್ಕಿತು. ನಗೆಯಿಂದಲಾದರೂ ಹೆಸರು ಉಳಿಯಿತು.

1999ರಲ್ಲಿ ಜಾನ್ ಕೋಲ್‌ಮನ್ ವ್ಯವಸ್ಥಾಪಕರಾಗಿ ಬಂದರು. ನಡುವೆ ಎರಡು ವರ್ಷಕ್ಕೂ ಮಿಕ್ಕಿ ಬಿಟ್ಟುಹೋದರೂ 2024ರ ಮಾರ್ಚಿನವರೆಗೆ ಈ ಊರಿನವರೇ ಎಂಬಂತೆ ನಿಂತರು. ಅವರ ಕೈಕೆಳಗೆ ಸ್ಟಾನ್ಲಿ ಒಂದೊಂದೇ ಮೆಟ್ಟಿಲೇರಿ 2006ರಲ್ಲಿ, ನಲವತ್ತನಾಲ್ಕು ವರ್ಷಗಳ ಅನಂತರ, ಲೀಗಿಗೆ ಮರಳಿತು. ಅದೇ ವಸಂತದಲ್ಲಿ ಲೀಗಿನಿಂದ ಕೆಳಗೆ ಬಿದ್ದ ಎರಡು ತಂಡಗಳಲ್ಲಿ ಒಂದು ಯಾವುದು ಬಲ್ಲಿರಾ? ಆಕ್ಸ್‌ಫರ್ಡ್ ಯುನೈಟೆಡ್. ಕಾದಂಬರಿಕಾರನೊಬ್ಬ ಹೀಗೆ ಬರೆದಿದ್ದರೆ ವಿಮರ್ಶಕರು ಅವನನ್ನು ಬಿಡುತ್ತಿರಲಿಲ್ಲ.

2018ರಲ್ಲಿ ತಂಡ ತನ್ನ ಶ್ರೇಣಿಯಲ್ಲಿ ಪ್ರಥಮ ಸ್ಥಾನ ಗಳಿಸಿ ಮೂರನೆಯ ಶ್ರೇಣಿಗೆ ಏರಿತು. ಐದು ವರ್ಷ ಅಲ್ಲಿ ತನಗಿಂತ ಎಷ್ಟೋ ಪಾಲು ಶ್ರೀಮಂತವಾದ ನಗರಗಳೊಡನೆ ಹೋರಾಡಿ, 2023ರಲ್ಲಿ ಮತ್ತೆ ಇಳಿಯಿತು. 1893ರಂತೆ ಈ ಸಲ ಯಾರೂ ಮುನಿದುಕೊಳ್ಳಲಿಲ್ಲ. ಕ್ರೌನ್ ಗ್ರೌಂಡಿನಲ್ಲಿ ಐದು ಸಾವಿರಕ್ಕಿಂತ ಸ್ವಲ್ಪ ಹೆಚ್ಚು ಜನಕ್ಕೆ ಮಾತ್ರ ಸ್ಥಳವಿದೆ. ಮೈದಾನದ ಆಚೆಗೆ ಬೆಟ್ಟ ಕಾಣುತ್ತದೆ. ಹಳೆಯ ಪೀಲ್ ಪಾರ್ಕನ್ನು ನೋಡಬೇಕೆನ್ನುವವರು ಅಲ್ಲಿಯ ಪ್ರಾಥಮಿಕ ಶಾಲೆಯ ಕಡೆಗೆ ದಾರಿ ಕೇಳಬೇಕು. ಆಲ್ಡರ್‌ಶಾಟಿನ ಮಂಟಪ ಎಂದೋ ಹೋಯಿತು. ಹುಲ್ಲು ಮಾತ್ರ ಉಳಿದಿದೆ, ಶಾಲೆಯ ಮಕ್ಕಳು ಅಲ್ಲಿ ಆಡುತ್ತಾರೆ.